ಹಾನಿಗೊಂಡ ಕೇಸಿಂಗ್‌ನ ದುರಸ್ತಿ: ಯಾವ ಕೆಡುಕಿಗೆ ಯಾವ ಉಪಕರಣ

ತೈಲ ಅಥವಾ ಅನಿಲ ಬಾವಿಯ ಕೇಸಿಂಗ್ (ಬಾವಿಯ ಗೋಡೆಗೆ ಆಸರೆಯಾಗಿ ಇಳಿಸಿದ ಉಕ್ಕಿನ ಕೊಳವೆ) ಕೆಟ್ಟಿದೆ ಎಂಬ ವರದಿ ಬಂದ ಕೂಡಲೇ ಯಾವ ಉಪಕರಣ ತರಿಸಬೇಕೆಂಬ ಚರ್ಚೆ ಆರಂಭವಾಗುವುದು ವಾಡಿಕೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಬಾವಿಯಲ್ಲಿ ಕಳೆದುಹೋಗಿರುವುದು ದಾರಿಯೋ, ಬಿಗಿಯೋ? ಕೇಸಿಂಗ್ ಅಮುಕಿ ಒಳವ್ಯಾಸ ಕಿರಿದಾದಾಗ ಉಪಕರಣಗಳು ಕೆಳಗಿಳಿಯಲು ದಾರಿ ಇಲ್ಲವಾಗುತ್ತದೆ. ತುಕ್ಕು ತಿಂದು ತೂತು ಬಿದ್ದಾಗ ಅಥವಾ ಜೋಡಣೆಯ ಥ್ರೆಡ್ ಸೋರಿದಾಗ ದಾರಿಯಿದ್ದೂ ಒತ್ತಡ ನಿಲ್ಲುವುದಿಲ್ಲ. ಅಮುಕಿದ ಗೋಡೆಯನ್ನು ಹಿಗ್ಗಿಸುವ ರೋಲರ್, ಸ್ವೇಜ್ ಮತ್ತು ಅದನ್ನು ಕತ್ತರಿಸುವ ಮಿಲ್‌ಗಳು ದಾರಿಯನ್ನು ಮಾತ್ರ ಮರಳಿ ಕೊಡುತ್ತವೆ. ಒಳ ಪ್ಯಾಚ್ (ಒಳಗಿನಿಂದ ಹಾಕುವ ತೇಪೆ) ಮತ್ತು ಲೈನರ್‌ಗಳು (ಕೇಸಿಂಗ್ ಒಳಗೆ ಕೂರಿಸುವ ಕಿರಿದಾದ ಕೊಳವೆ) ಬಿಗಿಯನ್ನು ಕೊಟ್ಟು, ಪ್ರತಿಯಾಗಿ ದಾರಿಯಲ್ಲಿ ಒಂದಷ್ಟನ್ನು ಕಿತ್ತುಕೊಳ್ಳುತ್ತವೆ. ಈ ಎರಡು ಕೆಲಸಗಳನ್ನು ಒಂದೇ ಎಂದು ಭಾವಿಸಿ ಹೊರಟ ದುರಸ್ತಿ ಮಧ್ಯದಲ್ಲೇ ದಿಕ್ಕು ತಪ್ಪುತ್ತದೆ.

ಬಾವಿಯನ್ನು ಹತೋಟಿಗೆ ತರುವುದು

ಕೇಸಿಂಗ್ ಬಾವಿಯ ಸುರಕ್ಷತಾ ತಡೆಗಳಲ್ಲೊಂದು. ಅದೇ ಕೆಟ್ಟಿರುವಾಗ ಉಳಿದ ತಡೆಗಳ ಮೇಲೆ ಭಾರ ಹೆಚ್ಚುತ್ತದೆ. ತಕ್ಕ ಸಾಂದ್ರತೆಯ ದ್ರವದಿಂದ ಬಾವಿಯನ್ನು ತುಂಬಿ, ಬ್ಲೋಔಟ್ ಪ್ರಿವೆಂಟರ್ (ಬಾವಿಯ ಬಾಯಿಯನ್ನು ಮುಚ್ಚುವ ಕವಾಟ) ಕೂರಿಸಿ ಪರೀಕ್ಷಿಸಿದ ಮೇಲೆಯೇ ಉಪಕರಣ ಇಳಿಸಬೇಕು. ದ್ರವವೇ ತೂತಿನಿಂದ ಹೊರಗೆ ಸೋರಿಹೋಗುವ ಸಾಧ್ಯತೆಯಿರುವುದರಿಂದ, ದಾರಿ ತೆರೆದಿದ್ದರೆ ಹಾನಿಯ ಕೆಳಗೆ ಮರಳಿ ತೆಗೆಯಬಹುದಾದ ಬ್ರಿಡ್ಜ್ ಪ್ಲಗ್ (ಕೊಳವೆಯನ್ನು ಅಡ್ಡಗಟ್ಟುವ ಬಿರಡೆ) ಕೂರಿಸುವುದು ಒಳ್ಳೆಯದು. ಅದರ ಮೇಲೆ ಕೆಲವು ಮೀಟರ್ ಮರಳು ಸುರಿಯುವುದು ಹಳೆಯ ರೂಢಿ. ಲೋಹದ ಚೂರುಗಳೂ ಸಿಮೆಂಟೂ ಪ್ಲಗ್‌ನ ತಲೆಯ ಮೇಲೆ ಕೂರದಂತೆ ಮರಳು ಕಾಯುತ್ತದೆ.

ಹಾನಿಯನ್ನು ಅಳೆಯುವುದು

ಮೊದಲಿಗೆ ಇಳಿಸಬೇಕಾದದ್ದು ಅತ್ಯಂತ ಸರಳವಾದ ಗೇಜ್ ರಿಂಗ್, ಅಂದರೆ ಗೊತ್ತಾದ ಅಳತೆಯ ಬಳೆ. 7 ಇಂಚಿನ, ಅಡಿಗೆ 29 ಪೌಂಡ್ ತೂಕದ ಕೇಸಿಂಗ್‌ನ ಒಳವ್ಯಾಸ 157.1 ಮಿ.ಮೀ. ಇದ್ದು, ಡ್ರಿಫ್ಟ್ ವ್ಯಾಸ (ಅಡ್ಡಿಯಿಲ್ಲದೆ ಹಾದುಹೋಗಬಲ್ಲ ಅತಿ ದೊಡ್ಡ ಅಳತೆ) 153.9 ಮಿ.ಮೀ. ಇರುತ್ತದೆ, ಈ ಡ್ರಿಫ್ಟ್ ಅಳತೆಯ ರಿಂಗ್ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದ ತನಿಖೆ ಆರಂಭ. ನಿಂತ ಜಾಗದ ಆಕಾರ ತಿಳಿಯಲು ಸೀಸದ ಅಚ್ಚಿನ ಬ್ಲಾಕ್ ಇಳಿಸುತ್ತಾರೆ. ಅದರ ಮೇಲೆ ಭಾರವನ್ನು ಒಮ್ಮೆ ಮಾತ್ರ ಹಾಕಿ ಮೇಲೆತ್ತಬೇಕು; ಎರಡನೆಯ ಸಲ ಕುಟ್ಟಿದರೆ ಎರಡು ಅಚ್ಚು ಒಂದರ ಮೇಲೊಂದು ಬಿದ್ದು, ಓದಲಾಗದ ಗುರುತಾಗುತ್ತದೆ.

ದಾರಿ ತೆರೆದಿದ್ದರೆ ಹಲವು ಬೆರಳುಗಳ ಕ್ಯಾಲಿಪರ್ ಒಳಗೋಡೆಯ ಸುತ್ತಲೂ ವ್ಯಾಸವನ್ನು ಅಳೆದು, ಕೊಳವೆ ಅಂಡಾಕಾರವಾಗಿದೆಯೇ, ಸವೆದಿದೆಯೇ, ಬಾಗಿದೆಯೇ ಎಂಬುದನ್ನು ತೋರಿಸುತ್ತದೆ. ಆದರೆ ಕ್ಯಾಲಿಪರ್‌ಗೆ ಹೊರಗೋಡೆ ಕಾಣುವುದಿಲ್ಲ ಎಂಬುದನ್ನು ಮರೆಯಬಾರದು. 2015ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಅಲಿಸೋ ಕ್ಯಾನ್ಯನ್ ಅನಿಲ ಸಂಗ್ರಹಾಗಾರದ ಎಸ್‌ಎಸ್-25 ಬಾವಿಯಲ್ಲಿ 7 ಇಂಚಿನ ಕೇಸಿಂಗ್ ಸುಮಾರು 270 ಮೀಟರ್ ಆಳದಲ್ಲಿ ಒಡೆದದ್ದು ಹೊರಗಿನಿಂದ ತಿಂದ ತುಕ್ಕಿನಿಂದ. ಮೇಲಿನಿಂದ ದ್ರವ ಪಂಪ್ ಮಾಡಿ ಬಾವಿಯ ಒತ್ತಡವನ್ನು ಅಡಗಿಸುವ ಪ್ರಯತ್ನಗಳು ವಿಫಲವಾಗಿ, ಪಕ್ಕದಲ್ಲಿ ಕೊರೆದ ಪರಿಹಾರ ಬಾವಿಯ ಮೂಲಕ 2016ರ ಫೆಬ್ರವರಿಯಲ್ಲಷ್ಟೇ ಸೋರಿಕೆ ನಿಂತಿತು. ಆದ್ದರಿಂದ ಕ್ಯಾಲಿಪರ್ ಜೊತೆಗೆ ಗೋಡೆಯ ದಪ್ಪವನ್ನೇ ಅಳೆಯುವ ವಿದ್ಯುತ್ಕಾಂತೀಯ ಅಥವಾ ಅಲ್ಟ್ರಾಸಾನಿಕ್ ಲಾಗ್ (ಆಳಕ್ಕೆ ತಕ್ಕಂತೆ ಅಳತೆ ದಾಖಲಿಸುವ ಪರೀಕ್ಷೆ) ಬೇಕು. ಎರಡನ್ನೂ ಹೋಲಿಸಿದಾಗ ಲೋಹ ಒಳಗಿನಿಂದ ಹೋಗಿದೆಯೋ ಹೊರಗಿನಿಂದಲೋ ಎಂಬುದು ತಿಳಿಯುತ್ತದೆ.

ಸೋರುವ ಜಾಗವನ್ನು ನಿಖರವಾಗಿ ಹಿಡಿಯಲು ಪ್ಯಾಕರ್‌ಗಿಂತ (ಕೊಳವೆಯೊಳಗೆ ಹಿಗ್ಗಿ ಬಿಗಿಯಾಗಿ ಕೂರುವ ತಡೆ) ನಂಬಿಕಸ್ಥ ಸಾಧನವಿಲ್ಲ. ಕೆಳಗೆ ಪ್ಲಗ್, ಮೇಲೆ ಪ್ಯಾಕರ್ ಇಟ್ಟು ನಡುವಿನ ಭಾಗಕ್ಕೆ ಒತ್ತಡ ಕೊಟ್ಟು ನೋಡಬೇಕು. ಒತ್ತಡ ಇಳಿದರೆ ಪ್ಯಾಕರ್ ಅನ್ನು ಅಂತರದ ಅರ್ಧಕ್ಕೆ ಸರಿಸಿ ಮತ್ತೆ ನೋಡಬೇಕು. ತಾಪಮಾನ ಮತ್ತು ಶಬ್ದದ ಲಾಗ್‌ಗಳು ಈ ಹುಡುಕಾಟವನ್ನು ಕಿರಿದುಗೊಳಿಸುತ್ತವೆ. ಹೀಗೆ ಹಾನಿಯ ಎರಡೂ ತುದಿಗಳು ಗೊತ್ತಾಗುವವರೆಗೆ ಪ್ಯಾಚ್‌ನ ಉದ್ದ ನಿರ್ಧರಿಸುವುದು ಬರಿಯ ಊಹೆಯಾಗುತ್ತದೆ.

ದಾರಿ ತೆರೆಯುವ ಉಪಕರಣಗಳು

ಸ್ವೇಜ್ ಎಂದರೆ ಶಂಕುವಿನಾಕಾರದ ಗಟ್ಟಿ ಉಕ್ಕಿನ ದಿಂಡು. ಹೊರಮೈಯಲ್ಲಿ ದ್ರವ ಹರಿಯಲು ತೋಡುಗಳಿರುತ್ತವೆ. ಜಾರ್‌ನ (ಜೋರಾಗಿ ಬಡಿಯುವ ಉಪಕರಣ) ಪೆಟ್ಟಿನಿಂದ ಇದನ್ನು ಅಮುಕಿದ ಭಾಗದೊಳಗೆ ಹೊಡೆದು ಕೊಳವೆಯನ್ನು ಹಿಗ್ಗಿಸುತ್ತಾರೆ. ಒಂದು ಅಳತೆಯಿಂದ ಮುಂದಿನದಕ್ಕೆ ಕೆಲವೇ ಮಿಲಿಮೀಟರ್ ಹೆಚ್ಚಿಸಬೇಕು. ಅವಸರಪಟ್ಟು ದೊಡ್ಡ ಸ್ವೇಜ್ ಹೊಡೆದರೆ ಅದು ಅಲ್ಲೇ ಸಿಕ್ಕಿಕೊಂಡು, ಕೇಸಿಂಗ್ ದುರಸ್ತಿಯ ಕೆಲಸ ಸಿಕ್ಕಿದ ಉಪಕರಣವನ್ನು ತೆಗೆಯುವ ಕೆಲಸವಾಗಿ ಬದಲಾಗುತ್ತದೆ. ಮೇಲೆತ್ತುವ ಜಾರ್ ಇಲ್ಲದೆ ಸ್ವೇಜ್ ಇಳಿಸಲೇಬಾರದು.

ಕೇಸಿಂಗ್ ರೋಲರ್ ಇದಕ್ಕಿಂತ ಸೌಮ್ಯ. ಇದರ ದಂಡದ ಮೇಲೆ ಕೇಂದ್ರದಿಂದ ಆಚೀಚೆ ಸರಿದ ಅಕ್ಷಗಳಲ್ಲಿ ಹಲವು ರೋಲರ್‌ಗಳು ಕುಳಿತಿರುತ್ತವೆ. ಉಪಕರಣ ತಿರುಗಿದಂತೆ ಪ್ರತಿ ರೋಲರ್ ಗೋಡೆಯನ್ನು ಒಂದೊಂದು ದಿಕ್ಕಿನಿಂದ ಒತ್ತಿ, ಅಂಡಾಕಾರವಾದದ್ದನ್ನು ವೃತ್ತಕ್ಕೆ ತರುತ್ತದೆ. ಹಗುರವಾದ ಭಾರ ಹಾಕಿ, ದ್ರವ ಹರಿಸುತ್ತಾ, ನಿಧಾನವಾಗಿ ಇಳಿಸಬೇಕು. ಸ್ವಲ್ಪವೇ ಅಮುಕಿದ ಕೇಸಿಂಗ್‌ಗೆ ಮೊದಲು ರೋಲರ್ ಪ್ರಯತ್ನಿಸುವುದೇ ವಿವೇಕವೆಂಬುದು ನನ್ನ ಅಭಿಪ್ರಾಯ. ಚೂರಾಗಿ ಹರಿದ ಅಥವಾ ಒಳಕ್ಕೆ ಮಡಿಚಿದ ಲೋಹವಿದ್ದರೆ ಮಾತ್ರ ಟೇಪರ್ ಮಿಲ್ ಬೇಕಾಗುತ್ತದೆ. ಅದು ಲೋಹವನ್ನು ಸರಿಸುವುದಿಲ್ಲ, ಕತ್ತರಿಸಿ ತೆಗೆಯುತ್ತದೆ. ಕೊಳವೆ ಪಕ್ಕಕ್ಕೆ ಸರಿದಿದ್ದರೆ ಮಿಲ್ ಹಳೆಯ ಕೇಸಿಂಗ್ ಬಿಟ್ಟು ಹೊರಗಿನ ಶಿಲೆಗೆ ದಾರಿ ಮಾಡಿಕೊಳ್ಳುವ ಅಪಾಯವಿದೆ. ಹೊರಬರುವ ಉಕ್ಕಿನ ಸುರುಳಿಗಳನ್ನು ಮೇಲೆ ತರುವಷ್ಟು ದ್ರವಕ್ಕೆ ಕಸುವಿರಬೇಕು. ಮರಳಿ ಬರುವ ದ್ರವದ ಹಾದಿಯಲ್ಲಿ ಅಯಸ್ಕಾಂತಗಳನ್ನು ಇಟ್ಟು, ಕೆಲಸ ಮುಗಿದ ಮೇಲೆ ಬ್ಲೋಔಟ್ ಪ್ರಿವೆಂಟರ್‌ನ ಒಳಭಾಗವನ್ನೂ ತೊಳೆಯಬೇಕು.

ಹಿಗ್ಗಿಸಿದ ಕೇಸಿಂಗ್ ಹೊಸ ಕೇಸಿಂಗ್ ಅಲ್ಲ. ಮೇಲೆ ಹೇಳಿದ 7 ಇಂಚಿನ ಕೊಳವೆ ಎನ್-80 ದರ್ಜೆಯ ಉಕ್ಕಿನದಾದರೆ ಹೊರಗಿನಿಂದ ಸುಮಾರು 7000 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ತಡೆಯುತ್ತದೆ ಎಂಬ ಲೆಕ್ಕ ವೃತ್ತಾಕಾರದ, ಸವೆಯದ ಕೊಳವೆಗೆ ಮಾತ್ರ ಅನ್ವಯಿಸುತ್ತದೆ. ರೋಲರ್ ಓಡಿದ ಕಡೆ ಕೊಳವೆಯ ಹಿಂಬದಿಯ ಸಿಮೆಂಟ್ ಬಿರುಕು ಬಿಟ್ಟಿರುವ ಸಂಭವವೂ ಇದೆ. ಹೈಡ್ರೋಜನ್ ಸಲ್ಫೈಡ್ ಇರುವ ಬಾವಿಯಲ್ಲಿ ಇನ್ನೊಂದು ಎಚ್ಚರ ಬೇಕು: ತಣ್ಣಗಿರುವಾಗ ಬಾಗಿಸಿದ ಉಕ್ಕು ಗಡುಸಾಗಿ ಆ ಅನಿಲದಿಂದ ಬಿರುಕು ಬಿಡುತ್ತದೆ, ಅಂತಹ ಪರಿಸರದಲ್ಲಿ ಬಳಸುವ ಉಕ್ಕಿನ ಗಡಸುತನಕ್ಕೆ ಐಎಸ್‌ಒ 15156 ಮಾನಕ ಮಿತಿ ಹಾಕಿದೆ. ಭೂಮಿಯೇ ಸರಿಯುತ್ತಿರುವ ಕ್ಷೇತ್ರದಲ್ಲಿ ದಾರಿ ತೆರೆಯುವುದು ತಾತ್ಕಾಲಿಕ. ಕ್ಯಾಲಿಫೋರ್ನಿಯಾದ ವಿಲ್ಮಿಂಗ್ಟನ್ ಕ್ಷೇತ್ರದಲ್ಲಿ ತೈಲ ತೆಗೆದ ಪರಿಣಾಮವಾಗಿ ನೆಲ ಸುಮಾರು 9 ಮೀಟರ್ ಕುಸಿದು, ಶಿಲಾಪದರಗಳು ಅಡ್ಡಕ್ಕೆ ಜಾರಿ ನೂರಾರು ಬಾವಿಗಳ ಕೇಸಿಂಗ್ ಕತ್ತರಿಸಿಹೋಗಿತ್ತು. ಕುಸಿತ ಹತೋಟಿಗೆ ಬಂದದ್ದು ನೀರನ್ನು ಒಳಗೆ ಪಂಪ್ ಮಾಡಿ ಪದರದ ಒತ್ತಡ ಏರಿಸಿದ ಮೇಲೆ.

ಒಳಗಿನಿಂದ ಬಿಗಿ ಮಾಡುವುದು

ಚಿಕ್ಕ ತೂತು ಅಥವಾ ಸೋರುವ ಥ್ರೆಡ್‌ಗೆ ಸಾಮಾನ್ಯವಾಗಿ ಮೊದಲು ನೋಡುವುದು ಸಿಮೆಂಟ್ ಸ್ಕ್ವೀಜ್. ಸಿಮೆಂಟ್ ರಿಟೇನರ್ (ಸಿಮೆಂಟ್ ಮರಳಿ ಬಾರದಂತೆ ತಡೆಯುವ ಪ್ಲಗ್) ಅಥವಾ ಪ್ಯಾಕರ್ ಮೂಲಕ ಸಿಮೆಂಟನ್ನು ತೂತಿನೊಳಗೆ ಒತ್ತಿ, ಗಟ್ಟಿಯಾದ ಮೇಲೆ ಒಳಗೆ ಉಳಿದದ್ದನ್ನು ಕೊರೆದು ತೆಗೆಯುತ್ತಾರೆ. ನೀರೂ ಕಷ್ಟದಿಂದ ಒಳಹೋಗುವಷ್ಟು ಕಿರಿದಾದ ಬಿರುಕಿಗೆ ಮಾಮೂಲು ಸಿಮೆಂಟಿನ ಕಣ ದೊಡ್ಡದಾಗುತ್ತದೆ. ಅಲ್ಲಿ ಸೂಕ್ಷ್ಮ ಕಣದ ಸಿಮೆಂಟ್ ಅಥವಾ ರಾಳ ಬಳಸಬೇಕು. ಸ್ಕ್ವೀಜ್ ಅಗ್ಗವೆನಿಸಿದರೂ ತುಕ್ಕು ಮುಂದುವರಿದಿರುವ ಕೊಳವೆಯಲ್ಲಿ ಅದರ ಆಯುಷ್ಯ ಕಡಿಮೆ, ಏಕೆಂದರೆ ಒಂದು ತೂತು ಮುಚ್ಚಿದ ಮೇಲೆ ಪಕ್ಕದ ತೆಳು ಗೋಡೆ ಹಾಗೆಯೇ ಉಳಿದಿರುತ್ತದೆ.

ಅಂತಹ ಕಡೆ ಸುಕ್ಕುಗಟ್ಟಿದ ಉಕ್ಕಿನ ಒಳ ಪ್ಯಾಚ್ ಉಪಯುಕ್ತ. ಸುಮಾರು 3 ಮಿ.ಮೀ. ದಪ್ಪದ ಉಕ್ಕಿನ ಕೊಳವೆಯನ್ನು ಉದ್ದಕ್ಕೂ ನೆರಿಗೆ ಹಿಡಿದ ಬಟ್ಟೆಯಂತೆ ಒಳಕ್ಕೆ ಮಡಿಚಿ, ಹೊರಮೈಗೆ ಇಪಾಕ್ಸಿ ಹಚ್ಚಿದ ಗಾಜಿನ ನಾರಿನ ಹೊದಿಕೆ ಸುತ್ತಿರುತ್ತಾರೆ. ಹೈಡ್ರಾಲಿಕ್ ಉಪಕರಣ ಒಂದು ಶಂಕುವನ್ನು ಅದರೊಳಗೆ ಎಳೆದಾಗ ನೆರಿಗೆಗಳು ಬಿಚ್ಚಿ ಪ್ಯಾಚ್ ಕೇಸಿಂಗ್‌ಗೆ ಅಂಟಿಕೊಳ್ಳುತ್ತದೆ. ಮೊದಲು ಸ್ಕ್ರೇಪರ್ ಓಡಿಸಿ ಗೋಡೆಯ ತುಕ್ಕು, ಸಿಮೆಂಟ್, ಮೇಣವನ್ನು ಕೆರೆದು ತೆಗೆಯಬೇಕು. ಪ್ಯಾಚ್ ತೂತಿನ ಎರಡೂ ಕಡೆ ಗಟ್ಟಿ ಕೇಸಿಂಗ್ ಮೇಲೆ ಸಾಕಷ್ಟು ಚಾಚಿರಬೇಕು, ಮತ್ತು ಇಪಾಕ್ಸಿ ಬಾವಿಯ ಶಾಖಕ್ಕೆ ಗಟ್ಟಿಯಾಗುವ ಮೊದಲೇ ಪ್ಯಾಚ್ ಕೂತಿರಬೇಕು. ಒಳವ್ಯಾಸದಲ್ಲಿ 6ರಿಂದ 8 ಮಿ.ಮೀ. ಕಳೆದುಹೋಗುತ್ತದೆ. ಗೋಡೆ ತೆಳುವಾದ್ದರಿಂದ ಹೊರಗಿನ ಒತ್ತಡ ಇದರ ದುರ್ಬಲ ಮಗ್ಗುಲು. ಬಾವಿಯ ಒಳಗಿನ ಒತ್ತಡವನ್ನು ಬಹಳ ಕೆಳಗಿಳಿಸುವ ಉದ್ದೇಶವಿದ್ದರೆ ಇದನ್ನು ಆಯ್ದುಕೊಳ್ಳಬಾರದು. ಅಲ್ಲಿ ಗಟ್ಟಿ ಗೋಡೆಯ, ರಬ್ಬರ್ ಪಟ್ಟಿಗಳಿರುವ, ಶಂಕುವಿನಿಂದ ಹಿಗ್ಗಿಸುವ ಕೊಳವೆ ಅಥವಾ ಎರಡು ಪ್ಯಾಕರ್‌ಗಳ ನಡುವಿನ ಲೈನರ್ ಸರಿ.

ಕತ್ತರಿಸಿ ಬದಲಿಸುವುದು

ಹಾನಿ ಕೇಸಿಂಗ್‌ನ ಹೊರಗಿನ ಸಿಮೆಂಟಿನ ಮಟ್ಟಕ್ಕಿಂತ ಮೇಲಿದ್ದರೆ ಕೆಟ್ಟ ಭಾಗವನ್ನು ತೆಗೆದು ಹೊಸ ಕೇಸಿಂಗ್ ಹಾಕುವುದು ಎಲ್ಲಕ್ಕಿಂತ ಪೂರ್ಣವಾದ ದುರಸ್ತಿ, ಏಕೆಂದರೆ ಇದರಲ್ಲಿ ಒಳವ್ಯಾಸ ಕುಗ್ಗುವುದಿಲ್ಲ. ಕೇಸಿಂಗ್ ಎಲ್ಲಿಯವರೆಗೆ ಸಡಿಲವಾಗಿದೆ ಎಂಬುದನ್ನು ಅದು ಎಳೆದಷ್ಟು ಹಿಗ್ಗುವುದರಿಂದ ಲೆಕ್ಕ ಹಾಕಬಹುದು. ಉದಾಹರಣೆಗೆ 9⅝ ಇಂಚಿನ, ಅಡಿಗೆ 47 ಪೌಂಡಿನ ಕೇಸಿಂಗ್‌ನ ಉಕ್ಕಿನ ಅಡ್ಡಛೇದ ಸುಮಾರು 8757 ಚದರ ಮಿ.ಮೀ.; ಎಳೆತವನ್ನು 400 ಕಿಲೋನ್ಯೂಟನ್ ಹೆಚ್ಚಿಸಿದಾಗ ಅದು 30 ಸೆಂ.ಮೀ. ಹಿಗ್ಗಿದರೆ ಸಡಿಲ ಭಾಗ ಸುಮಾರು 1360 ಮೀಟರ್. ಘರ್ಷಣೆಯಿಂದ ಈ ಲೆಕ್ಕ ತಪ್ಪಬಹುದಾದ್ದರಿಂದ ಸಿಮೆಂಟ್ ಲಾಗ್‌ನೊಂದಿಗೆ ತಾಳೆ ನೋಡಬೇಕು.

ಕಾಲರ್‌ಗಳ (ಕೊಳವೆಗಳನ್ನು ಒಂದಕ್ಕೊಂದು ಜೋಡಿಸುವ ಥ್ರೆಡ್‌ನ ಕೂಡಿಕೆ) ಆಳ ಗುರುತಿಸಿ, ಅವುಗಳಿಂದ ದೂರ, ಒಂದು ಕೊಳವೆಯ ನಡುಭಾಗದಲ್ಲಿ ಕತ್ತರಿಸಬೇಕು. ಹೈಡ್ರಾಲಿಕ್ ಕಟರ್‌ನಲ್ಲಿ ಪಂಪ್ ಒತ್ತಡ ಅಲಗುಗಳನ್ನು ಹೊರಕ್ಕೆ ತಳ್ಳುತ್ತದೆ. ಅಲಗು ಪೂರ್ತಿ ತೆರೆದಾಗ ಒತ್ತಡ ಇಳಿಯುವುದೇ ಕತ್ತರಿಸಿ ಮುಗಿದ ಸೂಚನೆ. ಆ ಕ್ಷಣದಲ್ಲಿ ಕೇಸಿಂಗ್‌ನ ಹಿಂದಿನ ಸಂದಿನಲ್ಲಿದ್ದ ಅನಿಲ ಒಳಗೆ ನುಗ್ಗಬಹುದು. ಆದ್ದರಿಂದ ಮೊದಲೇ ಸಂದಿನ ಒತ್ತಡವನ್ನು ಇಳಿಸಿ ಮತ್ತೆ ಏರುತ್ತದೆಯೇ ಎಂದು ಗಮನಿಸಿ, ಕತ್ತರಿಸುವಾಗ ಬಾವಿಯ ಬಾಯಿ ಮುಚ್ಚಲು ಸಿದ್ಧವಿರಬೇಕು. ಬಳಿಕ ಸ್ಪಿಯರ್‌ನಿಂದ (ಕೊಳವೆಯನ್ನು ಒಳಗಿನಿಂದ ಕಚ್ಚುವ ಉಪಕರಣ) ಹಿಡಿದು ಮೇಲಿನ ಭಾಗವನ್ನು ಎಳೆದು ತೆಗೆಯುತ್ತಾರೆ. ಉಳಿದ ಮೊಟಕಿನ ತುದಿಯನ್ನು ಮಿಲ್‌ನಿಂದ ನಯಗೊಳಿಸಿ, ಹೊಸ ಕೇಸಿಂಗ್‌ನ ಕೆಳತುದಿಯಲ್ಲಿ ಹೊರ ಪ್ಯಾಚ್ ಜೋಡಿಸಿ ಇಳಿಸಿದರೆ, ಅದು ಮೊಟಕನ್ನು ನುಂಗಿ ಹಲ್ಲುಳ್ಳ ಸ್ಲಿಪ್‌ಗಳಿಂದ ಕಚ್ಚಿ ಹಿಡಿಯುತ್ತದೆ. ಮೇಲಕ್ಕೆ ಎಳೆದು ಹಿಡಿತ ಖಾತ್ರಿಪಡಿಸಿಕೊಳ್ಳಬೇಕು. ಶಾಖ ಹೆಚ್ಚಿರುವ ಬಾವಿಯಲ್ಲಿ ರಬ್ಬರ್ ಸೀಲ್‌ಗಿಂತ ಸೀಸದ ಸೀಲ್ ಬಾಳಿಕೆ ಬರುತ್ತದೆ. ಕತ್ತರಿಸುವ ಬದಲು ಥ್ರೆಡ್ ಬಿಚ್ಚಿ ತೆಗೆದು, ಹೊಸ ಕೊಳವೆಯನ್ನು ಅದೇ ಥ್ರೆಡ್‌ಗೆ ತಿರುಗಿಸಿ ಕೂರಿಸಲು ಸಾಧ್ಯವಾದರೆ ಜೋಡಣೆ ಇನ್ನೂ ಗಟ್ಟಿ. ಆದರೆ ಬೇಕಾದ ಕಾಲರ್‌ನಲ್ಲೇ ಬಿಚ್ಚಿಕೊಳ್ಳುವಂತೆ ಮಾಡುವುದು ಸುಲಭವಲ್ಲ.

ಪರೀಕ್ಷೆ

ದುರಸ್ತಿಯಾದ ಭಾಗವನ್ನು ಎರಡೂ ದಿಕ್ಕಿನಿಂದ ಪರೀಕ್ಷಿಸಬೇಕು. ಒಳಗಿನಿಂದ ಒತ್ತಡ ಕೊಟ್ಟಾಗ ನಿಂತ ಪ್ಯಾಚ್, ಒಳಗಿನ ದ್ರವದ ಮಟ್ಟ ಇಳಿಸಿದಾಗ ಸೋರಬಹುದು. ಪರೀಕ್ಷೆಯ ಒತ್ತಡವನ್ನು ಬಾವಿ ಇನ್ನು ಮುಂದೆ ಕಾಣಲಿರುವ ಗರಿಷ್ಠ ಒತ್ತಡಕ್ಕೆ ತಕ್ಕಂತೆ ನಿಗದಿಪಡಿಸಬೇಕು. ಹಳೆಯ ಕೇಸಿಂಗ್‌ನ ಮೂಲ ಸಾಮರ್ಥ್ಯದಷ್ಟು ಕೊಡಹೋದರೆ ಪಕ್ಕದ ಸವೆದ ಕೊಳವೆ ಒಡೆಯುವುದುಂಟು. ಕೊನೆಗೆ ಹೊಸ ಒಳವ್ಯಾಸಕ್ಕೆ ಗೇಜ್ ರಿಂಗ್ ಓಡಿಸಿ, ಕ್ಯಾಲಿಪರ್‌ನ ಹೊಸ ಲಾಗ್ ತೆಗೆದು, ಪ್ಯಾಚ್‌ನ ಮೇಲಿನ ಮತ್ತು ಕೆಳಗಿನ ಆಳ ಹಾಗೂ ಅತಿ ಕಿರಿದಾದ ವ್ಯಾಸವನ್ನು ಬಾವಿಯ ನಕ್ಷೆಯಲ್ಲಿ ಬರೆದಿಡಬೇಕು. ಮುಂದೆ ಅದೇ ಬಾವಿಗೆ ಪ್ಯಾಕರ್ ಇಳಿಸುವವರು ತಮ್ಮ ಉಪಕರಣದ ಅಳತೆಯನ್ನು ಆ ನಕ್ಷೆ ನೋಡಿಯೇ ಆರಿಸುತ್ತಾರೆ.