ಮಂಗಳೂರಿನ ಮಾಡಿನ ಮೇಲೊಂದು ವಿಮಾನ ರಿಸೀವರ್

ಮನೆಯಲ್ಲಿ ವಿಮಾನಗಳ ಸಂಕೇತ ಹಿಡಿಯುವ ರಿಸೀವರ್ ಇಡಬೇಕೆಂದುಕೊಂಡವರು ಮೊದಲು ಕೇಳುವುದು ಯಾವ ಕಂಪ್ಯೂಟರ್ ಕೊಳ್ಳಬೇಕೆಂದು. ಮಂಗಳೂರಿನ ಹೊರವಲಯದ ಗುಡ್ಡವೊಂದರ ಮೇಲಿರುವ ನಮ್ಮ ಮನೆಯಲ್ಲಿ ಇಂಥದೊಂದನ್ನು ಕಟ್ಟಿ, ಹಲವು ಮಳೆಗಾಲ ನಡೆಸಿಕೊಂಡು ಬಂದ ಮೇಲೆ ನನಗೆ ಖಚಿತವಾಗಿರುವುದೇನೆಂದರೆ, ಕಂಪ್ಯೂಟರಿನ ಆಯ್ಕೆ ಇಲ್ಲಿ ತೀರ ಸಣ್ಣ ವಿಷಯ. ಆಂಟೆನಾ ಎಲ್ಲಿ ನಿಂತಿದೆ, ಅದರಿಂದ ಇಳಿಯುವ ಕೇಬಲ್ ಎಂಥದು, ನಿಂತ ಜಾಗದಿಂದ ಆಕಾಶದ ಅಂಚು ಎಷ್ಟು ತೆರೆದಿದೆ ಎಂಬುದರ ಮೇಲೆಯೇ ಬಹುಮಟ್ಟಿಗೆ ಎಲ್ಲವೂ ನಿಂತಿರುತ್ತದೆ.

ಹಿಡಿಯಬೇಕಾದದ್ದು ಎಡಿಎಸ್-ಬಿ ಎಂಬ ಸಂಕೇತ. ಹಾರುತ್ತಿರುವ ವಿಮಾನವು ಜಿಪಿಎಸ್‌ನಿಂದ ತಿಳಿದುಕೊಂಡ ತನ್ನ ಸ್ಥಾನವನ್ನು, ಎತ್ತರ ಮತ್ತು ವೇಗವನ್ನು 1090 ಮೆಗಾಹರ್ಟ್ಸ್‌ನಲ್ಲಿ, ಯಾರೂ ಕೇಳದಿದ್ದರೂ, ಸೆಕೆಂಡಿಗೆ ಹಲವು ಬಾರಿ ಬಿತ್ತರಿಸುತ್ತಿರುತ್ತದೆ. ಒಂದೊಂದು ಸಂದೇಶವೂ 112 ಬಿಟ್‌ಗಳದ್ದು. ಮುಂದಿರುವ ಎಚ್ಚರಿಕೆಯ ಮಿಡಿತಗಳೂ ಸೇರಿ ಅದು ಮುಗಿಯಲು 120 ಮೈಕ್ರೊಸೆಕೆಂಡ್ ಸಾಕು. ಮೊದಲ ಐದು ಬಿಟ್ ಸಂದೇಶದ ಬಗೆಯನ್ನು ಹೇಳುತ್ತವೆ, ಮುಂದಿನ ಮೂರು, ಸಂಕೇತ ಕಳುಹಿಸುವ ವಿಮಾನದೊಳಗಿನ ಉಪಕರಣವಾದ ಟ್ರಾನ್ಸ್‌ಪಾಂಡರಿನ ಸಾಮರ್ಥ್ಯವನ್ನು. ಆಮೇಲಿನ 24 ಬಿಟ್ ಆ ವಿಮಾನದ ಸ್ವಂತ ಗುರುತು, 56 ಬಿಟ್ ಅದು ಹೇಳಬೇಕಾದ ವಿಷಯ, ಕೊನೆಯ 24 ತಪ್ಪು ಪತ್ತೆಗೆ. ಗುರುತಿನ ಸಂಖ್ಯೆಗಳನ್ನು ದೇಶವಾರು ಹಂಚಿರುವುದರಿಂದ ಸ್ವಲ್ಪ ಅಭ್ಯಾಸವಾದರೆ ಸಾಲು ನೋಡಿದೊಡನೆ ವಿಮಾನ ಎಲ್ಲಿಯದೆಂದು ತಿಳಿಯುತ್ತದೆ. ಹೆಕ್ಸ್ (ಹದಿನಾರರ ಮೂಲದ ಸಂಖ್ಯಾಕ್ರಮ) ರೂಪದಲ್ಲಿ ಬರೆದಾಗ ಭಾರತದಲ್ಲಿ ನೋಂದಣಿಯಾದ ವಿಮಾನಗಳ ಗುರುತು 80ರಿಂದ 83ರೊಳಗೆ ಆರಂಭವಾಗುತ್ತದೆ, ಸಂಯುಕ್ತ ಅರಬ್ ಎಮಿರೇಟ್ಸ್‌ನವುಗಳದು 896ರಿಂದ. ಗಲ್ಫ್‌ನಲ್ಲಿ ಯಾರಾದರೊಬ್ಬರು ಇಲ್ಲದ ಮನೆ ನಮ್ಮ ಕರಾವಳಿಯಲ್ಲಿ ವಿರಳ. ಹಾಗಾಗಿ ದುಬೈನಿಂದ ಹೊರಟ ವಿಮಾನ ಅರಬ್ಬಿ ಸಮುದ್ರದ ಮೇಲೆ ನಕ್ಷೆಯ ಪಡುವಣ ಅಂಚಿನಲ್ಲಿ ಮೂಡಿದಾಗ, ಅದರಲ್ಲಿ ಬರುವವರಿಗಾಗಿ ಕಾಯುತ್ತಿರುವ ನೆರೆಹೊರೆಯವರು ನಮ್ಮ ಮನೆಗೆ ಫೋನ್ ಮಾಡುವುದುಂಟು.

ಸ್ಥಾನವನ್ನು ಕಳುಹಿಸುವ ಕ್ರಮ ವಿಶೇಷವಾದದ್ದು. ಅಕ್ಷಾಂಶಕ್ಕೆ 17 ಬಿಟ್, ರೇಖಾಂಶಕ್ಕೆ 17 ಬಿಟ್ ಮಾತ್ರ ಇರುವುದರಿಂದ ಭೂಗೋಳದ ಮೇಲಿನ ಪೂರ್ಣ ಸ್ಥಾನ ಒಂದೇ ಸಂದೇಶದಲ್ಲಿ ಸಾಕಷ್ಟು ನಿಖರವಾಗಿ ಹಿಡಿಸುವುದಿಲ್ಲ. ಆದ್ದರಿಂದ ವಿಮಾನವು ಸಮ ಮತ್ತು ಬೆಸ ಎಂಬ ಎರಡು ಬಗೆಯ ಸಂದೇಶಗಳನ್ನು ಒಂದಾದ ಮೇಲೊಂದರಂತೆ ಕಳುಹಿಸುತ್ತದೆ. ಎರಡನ್ನೂ ಜೋಡಿಸಿದಾಗ ಮಾತ್ರ ಅದು ಎಲ್ಲಿದೆಯೆಂದು ಗೊತ್ತಾಗುತ್ತದೆ. ದೂರದ ವಿಮಾನದ ಗುರುತು ಪಟ್ಟಿಯಲ್ಲಿ ಬಂದಿದ್ದರೂ ನಕ್ಷೆಯ ಮೇಲೆ ಅದು ಕೂಡಲೇ ಕಾಣಿಸಿಕೊಳ್ಳದಿರುವುದಕ್ಕೆ ಇದೊಂದು ಕಾರಣ.

ನನ್ನಲ್ಲಿರುವುದು ಅಂಗೈಯಗಲದ ಹಳೆಯ ಕಂಪ್ಯೂಟರ್, ರಾಸ್ಪ್‌ಬೆರಿ ಪೈ 3. ಅದಕ್ಕೆ ಯುಎಸ್‌ಬಿ ಮೂಲಕ ಚುಚ್ಚಿರುವುದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್. ಟಿವಿ ನೋಡಲೆಂದು ತಯಾರಾದ ಅಗ್ಗದ ಡಾಂಗಲ್‌ಗಳೊಳಗಿನ ಚಿಪ್ಪನ್ನು ಸಾಮಾನ್ಯ ರೇಡಿಯೊ ರಿಸೀವರಿನಂತೆ ಬಳಸಬಹುದೆಂದು 2012ರ ಹೊತ್ತಿಗೆ ಹವ್ಯಾಸಿಗಳು ಕಂಡುಕೊಂಡದ್ದರಿಂದಲೇ ಈ ಕೆಲಸ ಸಾಮಾನ್ಯರ ಕೈಗೆಟುಕಿತು. ಇಟಲಿಯ ಪ್ರೋಗ್ರಾಮರ್ ಸಾಲ್ವತೋರೆ ಸಾನ್‌ಫಿಲಿಪ್ಪೊ ಬರೆದ ಡಂಪ್1090 ಎಂಬ ತಂತ್ರಾಂಶ ಸಂಕೇತ ಬಿಡಿಸುವ ಕೆಲಸವನ್ನು ಸುಲಭಗೊಳಿಸಿತು. ಅದರ ವಂಶದ್ದೇ ಆದ ರೀಡ್‌ಎಸ್‌ಬಿಯನ್ನು ನಾನು ಬಳಸುತ್ತೇನೆ, ನಕ್ಷೆಗೆ ಟಾರ್1090. ಇವನ್ನು ಅಳವಡಿಸುವುದು ಒಂದು ಸಂಜೆಯ ಕೆಲಸ, ಅದರ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಪೈಗೆ ಮೊಬೈಲ್ ಚಾರ್ಜರ್ ಜೋಡಿಸದೆ, 5 ವೋಲ್ಟ್ 2.5 ಆಂಪಿಯರಿನ ಒಳ್ಳೆಯ ಅಡಾಪ್ಟರನ್ನೇ ಕೊಡಬೇಕು. ನಮ್ಮಲ್ಲಿ ಕರೆಂಟ್ ಹೋಗಿ ಬರುವುದು ಸಾಮಾನ್ಯವಾದ್ದರಿಂದ ಅಡಾಪ್ಟರನ್ನು ಇನ್‌ವರ್ಟರ್ ಲೈನಿಗೆ ಹಾಕಿ, ಲಾಗ್‌ಗಳೆಲ್ಲ ಮೆಮೊರಿ ಕಾರ್ಡಿಗೆ ಬದಲು ರ್‍ಯಾಮ್‌ನಲ್ಲೇ ಉಳಿಯುವಂತೆ ಮಾಡಿದ್ದೇನೆ. ಕಾರ್ಡ್ ಹಾಳಾಗುವುದು ಬಹುಮಟ್ಟಿಗೆ ಬರೆಯುತ್ತಿರುವಾಗಲೇ ವಿದ್ಯುತ್ ಕಡಿತವಾಗುವುದರಿಂದ.

ಇನ್ನು ಆಂಟೆನಾ. 1090 ಮೆಗಾಹರ್ಟ್ಸ್‌ನ ತರಂಗಾಂತರ 27.5 ಸೆಂಟಿಮೀಟರ್, ಅದರ ಕಾಲುಭಾಗ ಸುಮಾರು 6.9 ಸೆಂಟಿಮೀಟರ್. ಮನೆ ವೈರಿಂಗಿಗೆ ಬಳಸುವ ಗಟ್ಟಿ ತಾಮ್ರದ ತಂತಿಯನ್ನು ಈ ಅಳತೆಗೆ ಕತ್ತರಿಸಿ ಕನೆಕ್ಟರಿನ ನಡುವಿನ ಪಿನ್ನಿಗೆ ಬೆಸುಗೆ ಹಾಕಿ, ಅಷ್ಟೇ ಉದ್ದದ ಇನ್ನು ನಾಲ್ಕು ತಂತಿಗಳನ್ನು ಕನೆಕ್ಟರಿನ ನಾಲ್ಕು ಮೂಲೆಗಳಿಗೆ ಕಟ್ಟಿ 45 ಡಿಗ್ರಿಯಷ್ಟು ಕೆಳಕ್ಕೆ ಬಾಗಿಸಿದರೆ ಚೆನ್ನಾಗಿಯೇ ಕೆಲಸ ಮಾಡುವ ಆಂಟೆನಾ ಸಿದ್ಧ. ನಾನು ಶುರು ಮಾಡಿದ್ದು ಇದರಿಂದಲೇ. ಕಲಿಯುವವರಿಗೆ ಇದಕ್ಕಿಂತ ಉತ್ತಮವಾದದ್ದು ಇಲ್ಲವೆಂದು ಈಗಲೂ ನಂಬಿದ್ದೇನೆ, ಏಕೆಂದರೆ ಪ್ರತಿಯೊಂದು ಮಿಲಿಮೀಟರ್ ಏಕೆ ಹಾಗಿದೆಯೆಂದು ಕೈಗೇ ತಿಳಿಯುತ್ತದೆ. ಅದನ್ನು ಹೆಂಚಿನ ಮಾಡಿನ ಕೋಡಿಗಿಂತ ಮೇಲಕ್ಕೆ, ತೆಂಗಿನ ಗರಿಗಳಿಂದ ಆದಷ್ಟು ದೂರದಲ್ಲಿ, ಜಿಐ ಪೈಪಿನ ತುದಿಗೆ ಏರಿಸಿದ್ದೇನೆ. ಮಳೆಯಲ್ಲಿ ತೊಯ್ದ ಸೋಗೆ ಈ ಆವರ್ತನವನ್ನು ಹೀರಿಕೊಳ್ಳುತ್ತದೆ. ಜೂನ್‌ನಲ್ಲಿ ತೋಟದ ದಿಕ್ಕಿನ ಸಂದೇಶಗಳು ಕಡಿಮೆಯಾಗುವುದು ಗ್ರಾಫಿನಲ್ಲೇ ಕಾಣುತ್ತದೆ.

ಕೇಬಲ್‌ಗೆ ನಾನು ಆರಿಸಿದ್ದು ಟಿವಿ ಕೇಬಲ್‌ನವರ ಬಳಿ ಸಿಗುವ ಆರ್‌ಜಿ-6. ಇದು 75 ಓಮ್‌ನದು, ರಿಸೀವರ್ 50 ಓಮ್‌ನದು, ಹೊಂದುವುದಿಲ್ಲವೆಂದು ಹಲವರು ಅನುಮಾನಿಸುತ್ತಾರೆ. ಆ ವ್ಯತ್ಯಾಸದಿಂದ ಹಿಂದಿರುಗುವ ಶಕ್ತಿ ಶೇಕಡಾ 4ರಷ್ಟು ಮಾತ್ರ. ತೆಳ್ಳಗಿನ ಆರ್‌ಜಿ-58 ಕೇಬಲ್ ಹತ್ತು ಮೀಟರ್ ಇಳಿಯುವಷ್ಟರಲ್ಲಿ ಸಂಕೇತದ ಮುಕ್ಕಾಲು ಪಾಲನ್ನು ನುಂಗಿದರೆ, ಆರ್‌ಜಿ-6 ಅರ್ಧಕ್ಕಿಂತ ಹೆಚ್ಚನ್ನು ಉಳಿಸಿಕೊಡುತ್ತದೆ. ಆಮೇಲೆ ಆಂಟೆನಾದ ಬುಡದಲ್ಲಿಯೇ 1090ಕ್ಕೆ ಹೊಂದಿಸಿದ ಫಿಲ್ಟರ್ ಸಹಿತವಾದ ಸಣ್ಣ ಆಂಪ್ಲಿಫಯರೊಂದನ್ನು ಸೇರಿಸಿದೆ. ಅದಕ್ಕೆ ಬೇಕಾದ ವಿದ್ಯುತ್ತನ್ನು ಡಾಂಗಲ್ ಅದೇ ಕೇಬಲಿನ ಮೂಲಕ ಮೇಲಕ್ಕೆ ಕಳುಹಿಸುತ್ತದೆ. ಆಂಪ್ಲಿಫಯರನ್ನು ಕೆಳಗೆ ಪೈ ಪಕ್ಕದಲ್ಲಿ ಇಟ್ಟರೆ ಪ್ರಯೋಜನ ಕಡಿಮೆ, ಕೇಬಲಿನಲ್ಲಿ ಕಳೆದುಹೋದದ್ದನ್ನು ಅದು ಮರಳಿ ತರಲಾರದು. ಫಿಲ್ಟರ್ ಬೇಕಾಗುವುದು 900 ಮೆಗಾಹರ್ಟ್ಸ್ ಆಸುಪಾಸಿನ ಮೊಬೈಲ್ ಟವರುಗಳ ಅಬ್ಬರವನ್ನು ತಡೆಯಲಿಕ್ಕೆ.

ಗೇನ್, ಅಂದರೆ ರಿಸೀವರ್ ಸಂಕೇತವನ್ನು ಎಷ್ಟು ಹಿಗ್ಗಿಸಬೇಕೆಂಬುದನ್ನು, ಹೊಂದಿಸುವಾಗ ತಾಳ್ಮೆ ಬೇಕು. ಗರಿಷ್ಠಕ್ಕೆ ಇಟ್ಟರೆ ದೂರದ ವಿಮಾನಗಳು ಹೆಚ್ಚು ಸಿಗಬಹುದೆಂದು ತೋರುತ್ತದೆ. ಆದರೆ ಬಜ್ಪೆಗೆ ಇಳಿಯುವ ವಿಮಾನ ಮನೆಯ ಹತ್ತಿರ ಹಾದಾಗ ಅದರ ಸಂಕೇತ ರಿಸೀವರನ್ನು ತುಂಬಿಬಿಡುತ್ತದೆ, ಆ ಹೊತ್ತಿನಲ್ಲಿ ದೂರದ ಕ್ಷೀಣ ಸಂದೇಶಗಳು ಅದರಡಿಯಲ್ಲಿ ಅಳಿಸಿಹೋಗುತ್ತವೆ. ಅತಿ ಪ್ರಬಲ ಸಂದೇಶಗಳ ಪಾಲು ಒಟ್ಟಿನಲ್ಲಿ ಕೆಲವೇ ಪ್ರತಿಶತದಷ್ಟಾಗುವ ತನಕ ಗೇನನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತ, ಪ್ರತಿ ಸಲವೂ ಒಂದು ಪೂರ್ಣ ದಿನದ ಗ್ರಾಫನ್ನು ಹೋಲಿಸುವುದು ನನ್ನ ಕ್ರಮ. ಒಂದು ಗಂಟೆಯ ಅಂಕಿಗಳನ್ನು ಹೋಲಿಸಿ ಪ್ರಯೋಜನವಿಲ್ಲ, ವಿಮಾನಗಳ ಓಡಾಟವೇ ಗಂಟೆಗಂಟೆಗೆ ಬದಲಾಗುತ್ತಿರುತ್ತದೆ.

ಇಷ್ಟಾದ ಮೇಲೆ ನಕ್ಷೆಯಲ್ಲಿ ಮೂಡಿದ ವ್ಯಾಪ್ತಿಯ ಗೆರೆಯೇ ಈ ಹವ್ಯಾಸದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಪ್ರತಿ ದಿಕ್ಕಿನಲ್ಲಿಯೂ ಅತಿ ದೂರದಿಂದ ಬಂದ ಸಂದೇಶವನ್ನು ಟಾರ್1090 ಗುರುತಿಟ್ಟುಕೊಂಡು ಗೆರೆ ಎಳೆಯುತ್ತದೆ. ಪಡುವಣಕ್ಕೆ ಸಮುದ್ರ, ಅಡ್ಡಿಯಿಲ್ಲ. 35,000 ಅಡಿಯಲ್ಲಿರುವ ವಿಮಾನ ಸುಮಾರು 400 ಕಿಲೋಮೀಟರ್ ದೂರದಿಂದಲೇ ಸಿಗುತ್ತದೆ, ಅದರಾಚೆಗೆ ಭೂಮಿಯ ಬಾಗು ಮರೆ ಮಾಡುತ್ತದೆ. ಈಶಾನ್ಯಕ್ಕೆ ತಿರುಗಿದರೆ ಗೆರೆ ಒಳಕ್ಕೆ ಕುಸಿಯುತ್ತದೆ. ಅಲ್ಲಿ ಐವತ್ತು ಕಿಲೋಮೀಟರ್ ಆಸುಪಾಸಿನಲ್ಲಿ 1,894 ಮೀಟರ್ ಎತ್ತರದ ಕುದುರೆಮುಖ ನಿಂತಿದೆ. ನಮ್ಮ ಮಾಡಿನಿಂದ ಅದರ ನೆತ್ತಿ ಎರಡು ಡಿಗ್ರಿಗಿಂತ ಸ್ವಲ್ಪ ಕಡಿಮೆ ಕೋನದಲ್ಲಿದೆ. ಕೇಳಲು ಇದು ಏನೂ ಅಲ್ಲವೆನಿಸಿದರೂ ಭೂಮಿಯ ಬಾಗನ್ನೂ ಸೇರಿಸಿ ಲೆಕ್ಕ ಹಾಕಿದರೆ ಅದೇ 35,000 ಅಡಿಯ ವಿಮಾನ 230 ಕಿಲೋಮೀಟರ್ ದಾಟುತ್ತಿದ್ದಂತೆ ಶಿಖರದ ಮರೆಗೆ ಸರಿಯಬೇಕು. ನಕ್ಷೆಯಲ್ಲಿ ಕಾಣುವುದೂ ಹೆಚ್ಚುಕಡಿಮೆ ಅದೇ. ನೇರ ಪೂರ್ವಕ್ಕೆ, ಶಿರಾಡಿ ಘಾಟಿಯ ಕಡೆಗೆ ಬೆಟ್ಟಸಾಲು ತಗ್ಗುವುದರಿಂದ ಗೆರೆ ಮತ್ತೆ ಹೊರಕ್ಕೆ ಚಾಚುತ್ತದೆ, ಕುಮಾರಪರ್ವತದ ನೇರಕ್ಕೆ ಪುನಃ ಒಳಸರಿಯುತ್ತದೆ. ಬೆಂಗಳೂರಿನಿಂದ ಮೇಲೆದ್ದ ವಿಮಾನಗಳು ಸಾಕಷ್ಟು ಎತ್ತರಕ್ಕೇರಿದ ಮೇಲೆಯೇ ಒಂದೊಂದಾಗಿ ಪ್ರತ್ಯಕ್ಷವಾಗುತ್ತವೆ. ಪಶ್ಚಿಮ ಘಟ್ಟದ ಏರಿಳಿತವನ್ನು ಹಾದುಹೋಗುವ ವಿಮಾನಗಳೇ ಹೀಗೆ ದಿನದಿನಕ್ಕೂ ತಿದ್ದಿ ಬರೆಯುವುದನ್ನು ನೋಡುವಾಗ ನನಗೆ ಬೇಸರವೆಂಬುದೇ ಇಲ್ಲ.

ಸಂಗ್ರಹವಾದ ಮಾಹಿತಿಯನ್ನು ವಿಮಾನಗಳನ್ನು ನಕ್ಷೆಯಲ್ಲಿ ತೋರಿಸುವ ಜಾಲತಾಣ ಫ್ಲೈಟ್‌ರೇಡಾರ್24ಕ್ಕೂ, ಸಂಶೋಧಕರಿಗೆ ದತ್ತಾಂಶ ಒದಗಿಸುವ ಓಪನ್‌ಸ್ಕೈ ನೆಟ್‌ವರ್ಕ್‌ಗೂ ಕಳುಹಿಸುತ್ತೇನೆ. ಸ್ಥಾನ ಬಿತ್ತರಿಸದ ವಿಮಾನಗಳನ್ನು, ಒಂದೇ ಸಂಕೇತ ಬೇರೆ ಬೇರೆ ರಿಸೀವರುಗಳನ್ನು ತಲುಪುವ ಕಾಲದ ಅಂತರದಿಂದ ಗುರುತಿಸುವ ಎಂಲ್ಯಾಟ್ ಎಂಬ ವಿಧಾನವೂ ಇದೆ. ಅದಕ್ಕೆ ಸಾಮಾನ್ಯವಾಗಿ ನಾಲ್ಕು ಕಡೆಗಳಲ್ಲಾದರೂ ಅದೇ ವಿಮಾನ ಸಿಗುತ್ತಿರಬೇಕು. ಆದ್ದರಿಂದ ಉಡುಪಿ, ಪುತ್ತೂರು, ಕಾಸರಗೋಡಿನ ಕಡೆ ಆಸಕ್ತರು ಇನ್ನಷ್ಟು ರಿಸೀವರುಗಳನ್ನು ಇಡಬೇಕೆಂಬುದು ನನ್ನ ಹಂಬಲ.

ಇಡುವವರು ಸಿಡಿಲನ್ನು ಮಾತ್ರ ಹಗುರವಾಗಿ ಎಣಿಸಬಾರದು. ಆಂಟೆನಾದ ಪೈಪನ್ನು ಅರ್ತಿಂಗ್ ಮಾಡಿ, ಕೇಬಲ್ ಒಳಬರುವಲ್ಲಿ ಹಠಾತ್ ವಿದ್ಯುತ್ ಏರಿಕೆಯನ್ನು ನೆಲಕ್ಕೆ ಹರಿಸುವ ಸರ್ಜ್ ಅರೆಸ್ಟರ್ ಹಾಕಿದ್ದೇನೆ. ಆದರೂ ನೇರ ಹೊಡೆತವನ್ನು ಅದು ತಡೆಯಲಾರದೆಂದು ತಿಳಿದು, ಏಪ್ರಿಲ್-ಮೇ ಮತ್ತು ಅಕ್ಟೋಬರಿನ ಗುಡುಗಿನ ಸಂಜೆಗಳಲ್ಲಿ, ಮೋಡ ಇನ್ನೂ ದೂರದಲ್ಲಿರುವಾಗಲೇ ಕೇಬಲನ್ನು ಕಳಚಿ ಗೋಡೆಯ ಹೊರಗಿಡುತ್ತೇನೆ. ನಮ್ಮ ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿ ವಿದ್ಯುತ್ತನ್ನು ಸರಿಯಾಗಿ ಹರಿಯಗೊಡುವುದಿಲ್ಲ, ಹಾಗಾಗಿ ಮಾರ್ಚ್‌ನಿಂದಲೇ ಅರ್ತಿಂಗ್ ಗುಂಡಿಗೆ ನೀರು ಬೀಳುತ್ತಿರಬೇಕು. ಉಪ್ಪುಗಾಳಿಗೆ ಕನೆಕ್ಟರಿನ ಹೊರಮೈ ಬೇಗ ಹಸಿರುಗಟ್ಟುತ್ತದೆ. ಮಳೆಗಾಲ ಮುಗಿದ ಮೇಲೆ ಏಣಿ ಹತ್ತಿ, ಸುತ್ತಿದ ರಬ್ಬರ್ ಟೇಪನ್ನು ಬಿಡಿಸಿ, ಕೇಬಲಿನ ಹೆಣಿಗೆ ಕಪ್ಪಾಗಿದ್ದರೆ ಅಲ್ಲಿಗೆ ನೀರು ಇಳಿದಿದೆಯೆಂದು ತಿಳಿದು ಅಷ್ಟು ಭಾಗವನ್ನು ಕತ್ತರಿಸಿ, ಹೊಸ ಕನೆಕ್ಟರ್ ಕೂರಿಸಿ, ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತುತ್ತೇನೆ. ಹಾಗೆ ಸುತ್ತಿದರೆ ಹೆಂಚು ಹೊದಿಸಿದ ರೀತಿಯಲ್ಲೇ ಮೇಲಿನ ಪದರ ಕೆಳಗಿನದರ ಮೇಲೆ ಬಂದು ನೀರು ಜಾರಿಹೋಗುತ್ತದೆ.