ರ‍್ಯಾಪ್ ದನಿಗೆ ರೆಕಾರ್ಡಿಂಗ್ ಹೊತ್ತಿಗೇ ಕಂಪ್ರೆಷನ್: ನನ್ನ ಅನುಭವ

"ರೆಕಾರ್ಡ್ ಮಾಡೋ ಹೊತ್ತಿನಾಗ ಕಂಪ್ರೆಸರ್ ಹಚ್ಚಬ್ಯಾಡೋ, ಒಮ್ಮೆ ಒತ್ತಿದ್ದನ್ನ ಹೊಳ್ಳಿ ಬಿಚ್ಚಾಕ ಬರೂದಿಲ್ಲ." ಹುಬ್ಬಳ್ಳಿ-ಧಾರವಾಡದ ರೆಕಾರ್ಡಿಂಗ್ ಮಂದಿಯಲ್ಲಿ ಈ ಮಾತು ನನಗೆ ಹೇಳದವರು ಯಾರೂ ಉಳಿದಿಲ್ಲ. ಕಂಪ್ರೆಸರ್ ಅಂದರೆ ದನಿಯ ಜೋರು ಭಾಗವನ್ನು ಒತ್ತಿ, ಜೋರು-ಮೆಲ್ಲಗಿನ ಅಂತರ ಕಡಿಮೆ ಮಾಡುವ ಸಾಧನ. ಬೆಂಗಳೂರಿನಲ್ಲಿ ಮಿಕ್ಸಿಂಗ್ ಮಾಡುವ ಗೆಳೆಯನದ್ದೂ ಅದೇ ರಾಗ: 24 ಬಿಟ್ ಇದೆ (ಸಣ್ಣ ಸದ್ದನ್ನೂ ಹಿಡಿಯುವ ರೆಕಾರ್ಡಿಂಗ್), ಲೆವೆಲ್ ಕೆಳಗಿಟ್ಟು ಡ್ರೈ (ಏನೂ ಹಚ್ಚದ ಹಸಿ ದನಿ) ತಗೋ, ಮಿಕ್ಕಿದ್ದು ಪ್ಲಗಿನ್ (ಕಂಪ್ಯೂಟರಿನೊಳಗಿನ ಸಾಫ್ಟ್‌ವೇರ್ ಸಾಧನ) ನೋಡಿಕೊಳ್ಳುತ್ತೆ. ಧಾರವಾಡದಲ್ಲಿ ಶಾಸ್ತ್ರೀಯ ಸಂಗೀತ ರೆಕಾರ್ಡ್ ಮಾಡುವ ಹಿರಿಯರೊಬ್ಬರಂತೂ ಬೇಸರದಿಂದಲೇ ಕೇಳಿದರು, "ದನಿ ಏರಿಳಿತಾನ ಸಂಗೀತ ಅಲ್ಲೇನೋ ತಮ್ಮಾ, ಅದನ್ನ ಯಂತ್ರದ ಕೈಯಾಗ ಕೊಡ್ತೀಯೇನು?" ಖಯಾಲ್ ಗಾಯನಕ್ಕೆ ಅವರ ಮಾತು ನೂರಕ್ಕೆ ನೂರು ಸರಿ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಹಾಡಿದ ಊರಿನ ಕಿವಿಗೆ ಬೇರೆ ಹೆಂಗೆ ತೋಚೀತು? ಆದರೆ ರ‍್ಯಾಪ್‌ನ ಲೆಕ್ಕ ಬೇರೆ. ಒಂದೆರಡು ವರ್ಷದಿಂದ ನನ್ನ ರೂಮಿನಲ್ಲಿ ತೆಗೆದ ಪ್ರತಿಯೊಂದು ದನಿಯೂ ಮೈಕಿನಿಂದ ಕಂಪ್ಯೂಟರಿಗೆ ಹೋಗುವ ದಾರಿಯಲ್ಲೇ ಸ್ವಲ್ಪ ಕಂಪ್ರೆಸ್ ಆಗಿ ಹೋಗುತ್ತಿದೆ. ಫಲಿತಾಂಶ ಕೇಳಿದವರು ಈಗ ಸೆಟ್ಟಿಂಗ್ ಕೇಳುತ್ತಿದ್ದಾರೆ. ಅದಕ್ಕೇ ಈ ಬರಹ. ಥ್ರೆಶೋಲ್ಡ್ ಅಂದರೆ ಒತ್ತಲು ಶುರುವಾಗುವ ಮಟ್ಟ, ರೇಶಿಯೋ ಅಂದರೆ ಅದರ ಮೇಲೆ ಎಷ್ಟು ಪಟ್ಟು ಒತ್ತುವುದು; ಅದಕ್ಕಿಂತ ಹೆಚ್ಚು ಇಲ್ಲಿ ಹೇಳುತ್ತಾ ಕೂರುವುದಿಲ್ಲ.

ಮೊದಲು ರೂಮು. ಮನೆ ಕೇಶ್ವಾಪುರದ ಕಡೆ. ಮೇಲೆ ಆರ್‌ಸಿಸಿ, ಕೆಳಗೆ ಫರಸಿ. ಚಪ್ಪಾಳೆ ಹೊಡೆದರೆ ರೂಮು ಎದುರು ಮಾತಾಡುತ್ತದೆ. ರಾತ್ರಿ ಹತ್ತಾದ ಮೇಲೂ ರೈಲಿನ ಹಾರ್ನ್ ನಿಲ್ಲುವುದಿಲ್ಲ. ಇಂಥಲ್ಲಿ ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕ್ ಇಟ್ಟರೆ ದನಿಗಿಂತ ಮೊದಲು ಗೋಡೆ ರೆಕಾರ್ಡ್ ಆಗುತ್ತದೆ. ಎಂಟು ಸಾವಿರದ ಸುಮಾರಿಗೆ ತಂದ ಕಂಡೆನ್ಸರನ್ನು ಐದಕ್ಕೆ ಕೊಟ್ಟು ಕೈ ತೊಳೆದುಕೊಂಡೆ. ಗೋಡೆಗೆ ಅಂಟಿಸುವ ತೆಳು ಫೋಮ್‌ಗೆ ಮತ್ತೆ ನಾಲ್ಕು ಸಾವಿರ ಹೋಯಿತು. ಅದು ಮೇಲಿನ ಚಿಲಿಚಿಲಿಯನ್ನಷ್ಟೇ ಹೀರುತ್ತದೆ, ನಡುವಿನ ಗುಂಯ್‌ಗುಡುವಿಕೆ ಇದ್ದ ಹಾಗೇ ಇರುತ್ತದೆ. ಕೊನೆಗೆ ಕೆಲಸಕ್ಕೆ ಬಂದದ್ದು ಅವ್ವನ ಟ್ರಂಕಿನಲ್ಲಿದ್ದ ಕೌದಿಗಳು. ಹಳೇ ಸೀರೆ, ಧೋತರ ಪದರು ಪದರಾಗಿ ಹೊಲಿದ ದಪ್ಪ ಕೌದಿಯನ್ನು ಹಾಡುವವನ ಬೆನ್ನ ಹಿಂದೆ ಮತ್ತು ಎರಡೂ ಬದಿಗೆ, ಗೋಡೆಯಿಂದ ಗೇಣುದ್ದ ಬಿಟ್ಟು ತೂಗುಹಾಕಿದೆ. ನನ್ನ ಡೈನಾಮಿಕ್ ಮೈಕ್ ಕಾರ್ಡಿಯಾಯ್ಡ್, ಅಂದರೆ ಹೆಚ್ಚಾಗಿ ಹಿಡಿಯುವುದು ಎದುರಿನ ದನಿಯನ್ನು, ಹಾಗಾಗಿ ಅದರ ಮುಖಕ್ಕೆ ಎದುರಾಗುವ ಗೋಡೆಯೇ ಮುಖ್ಯ, ಅಂದರೆ ಹಾಡುವವನ ಹಿಂದಿನದು. ಮೈಕಿನ ಹಿಂದೆ ಫೋಮ್ ಕಟ್ಟಿ ದುಡ್ಡು ಕಳೆಯುವವರನ್ನು ಈಗಲೂ ನೋಡುತ್ತೇನೆ.

ಮೈಕ್ ಶೂರ್ ಎಸ್‌ಎಂ58. ಬೇರೆ ಬೇಕಿಲ್ಲ.

ಇನ್ನು ದನಿ. ಬೆಟಗೇರಿಯಿಂದ ಒಬ್ಬ ಹುಡುಗ ಬರುತ್ತಾನೆ, ಬರೆಯುವುದರಲ್ಲಿ ಬಲು ಗಟ್ಟಿ. ಅವನ ಒಂದು ಸಾಲು: "ಕಪ್ಪತಗುಡ್ಡದ ಗಾಳಿ ಕುಡದಾಂವ, ಯಾವ ಬಿರುಗಾಳಿಗೂ ಅಂಜೂದಿಲ್ಲ." ಈ ಸಾಲನ್ನು ವೇವ್‌ಫಾರ್ಮ್‌ನಲ್ಲಿ ದೊಡ್ಡದು ಮಾಡಿ ನೋಡಿದೆ. "ಕಪ್ಪತ" ಮೈನಸ್ 3 ಡಿಬಿ (ಡೆಸಿಬೆಲ್, ಸದ್ದಿನ ಅಳತೆ; ಸೊನ್ನೆ ಅಂದರೆ ಮೇಲಿನ ಮಿತಿ) ಹತ್ತಿರ ಗುದ್ದಿದೆ, ಕೊನೆಯ "ಇಲ್ಲ" ಮೈನಸ್ 26ರ ಆಸುಪಾಸಿನಲ್ಲಿ ನೆಲಕ್ಕೆ ಬಿದ್ದಿದೆ. ಬೀಟ್ ಮೇಲೆ ಕೂರಿಸಿದರೆ "ಬಿರುಗಾಳಿಗೂ ಅಂಜೂ..." ಅಷ್ಟೇ ಕೇಳುತ್ತದೆ. ಅರ್ಥ ಪೂರಾ ಉಲ್ಟಾ! ಕನ್ನಡದಲ್ಲಿ ಹೌದು-ಅಲ್ಲ ತೀರ್ಮಾನ ಆಗುವುದು ಸಾಲಿನ ತುದಿಗೆ, ಅಂತ್ಯಪ್ರಾಸ ಕೂರುವುದೂ ತುದಿಗೆ, ಉಸಿರು ಖಾಲಿಯಾಗುವುದೂ ಅಲ್ಲೇ. ನಮ್ಮ ಕಡೆ ಮಾತಿನ ವೇಗ ಬೇರೆ ಹೆಚ್ಚು. ಕನ್ನಡ ರ‍್ಯಾಪಿಗೆ ಕಂಪ್ರೆಷನ್ ಯಾಕೆ ಇಷ್ಟು ಬೇಕು ಅಂತ ಕೇಳಿದವರಿಗೆ ನಾನು ಈ ಒಂದು ಸಾಲು ತೋರಿಸುತ್ತೇನೆ.

ಪ್ಲಗಿನ್‌ನಲ್ಲೇ ಮಾಡಲು ಪ್ರಯತ್ನ ಪಟ್ಟಿಲ್ಲ ಅಂತಲ್ಲ. ಒಂದೇ ಕಂಪ್ರೆಸರ್, ರೇಶಿಯೋ 8, ಇಪ್ಪತ್ತು ಡಿಬಿ ಇಳಿಸಿ ಮತ್ತೆ ಅಷ್ಟೇ ಏರಿಸಿದರೆ "ಇಲ್ಲ" ಮೇಲೆ ಬಂತು. ಜೊತೆಗೆ ಫ್ಯಾನು, ಉಸಿರು, ಪಕ್ಕದ ಮನೆ ಕುಕ್ಕರ್ ಸೀಟಿ ಎಲ್ಲವೂ ಮೇಲೆ ಬಂದವು. ಎರಡು ಪ್ಲಗಿನ್ ಸಾಲಾಗಿ ಹಾಕಿದರೆ ಸ್ವಲ್ಪ ವಾಸಿ. ಒಂದೊಂದು ಪದಕ್ಕೂ ವಾಲ್ಯೂಮ್ ಗೆರೆ ಎಳೆದು ಸರಿ ಮಾಡಿದರೆ ಇನ್ನೂ ವಾಸಿ, ಆದರೆ ಒಂದು ವರ್ಸ್‌ಗೆ ಒಂದು ಸಂಜೆ ಬೇಕು. ಹಾಡಿಗೆ ಎರಡು ಸಾವಿರ ತೆಗೆದುಕೊಳ್ಳುವವನಿಗೆ ಅದು ಗಿಟ್ಟುವುದಿಲ್ಲ.

ನಿಜವಾದ ಸಮಸ್ಯೆ ಇದ್ದದ್ದು ಫೈಲಿನಲ್ಲಿ ಅಲ್ಲ, ಹುಡುಗನ ಹೆಡ್‌ಫೋನಿನಲ್ಲಿ. ಡ್ರೈ ದನಿ ಬೀಟ್ ಕೆಳಗೆ ಮುಳುಗುತ್ತದೆ, ಅದಕ್ಕೇ ಅವನು ಸಾಲಿನ ಮೊದಲಿಗೇ ಚೀರುತ್ತಾನೆ, ಕೊನೆಗೆ ಉಸಿರಿರುವುದಿಲ್ಲ. ತುದಿಯ ಪದ ತನ್ನ ಕಿವಿಗೇ ಕೇಳದಿದ್ದರೆ ಅದನ್ನು ನುಂಗುತ್ತಿದ್ದೇನೆ ಅಂತ ಅವನಿಗೆ ಗೊತ್ತಾಗುವುದಾದರೂ ಹೇಗೆ? ಪ್ಲಗಿನ್ ಮೂಲಕ ಹೆಡ್‌ಫೋನಿಗೆ ಕೊಡೋಣ ಅಂದರೆ ತಡ. ಬಫರ್ (ಕಂಪ್ಯೂಟರ್ ಒಮ್ಮೆಗೆ ತೆಗೆದುಕೊಳ್ಳುವ ಸದ್ದಿನ ತುಣುಕು) 256 ಸ್ಯಾಂಪಲ್‌ಗಿಟ್ಟರೆ ಒಂದು ಕಡೆಗೇ ಆರು ಮಿಲಿಸೆಕೆಂಡ್ ಹತ್ತಿರ, ಹೋಗಿಬರುವುದೆಲ್ಲ ಸೇರಿ ನನ್ನ ಮಷೀನಿನಲ್ಲಿ ಹದಿನೈದರ ಮೇಲೆ. ಆಲಾಪ ಮಾಡುವವರು ತಡೆದುಕೊಂಡಾರು, ಬೀಟಿನ ಮೇಲೆ ಅಕ್ಷರ ಕೂರಿಸುವವನು ತಡೆದುಕೊಳ್ಳುವುದಿಲ್ಲ. 24 ಬಿಟ್‌ನ ವಾದ ಮಾಡುವವರು ಈ ಹೆಡ್‌ಫೋನಿನ ಮಾತಿಗೇ ಬರುವುದಿಲ್ಲ. ಕಾಗದದ ಮೇಲೆ ಅತಿ ಮೆಲ್ಲಗಿನಿಂದ ಅತಿ ಜೋರಿನವರೆಗೆ 144 ಡಿಬಿ ಜಾಗ ಇದೆ, ಒಪ್ಪಿದೆ. ಆ ಜಾಗ ಹುಡುಗನ ಕಿವಿಗೆ ಏನು ಮಾಡಿತು?

ಹಾರ್ಡ್‌ವೇರ್ ಕಡೆ ಹೊರಳಿದ್ದು ಆಗ. ಮೊದಲು ಆರ್ಕೆಸ್ಟ್ರಾದವರೊಬ್ಬರಿಂದ ಹಳೇ ಎರಡು ಚಾನಲ್ ಕಂಪ್ರೆಸರ್ ತಂದೆ, ಆರು ಸಾವಿರ. ಸ್ವಿಚ್ ಹಾಕುತ್ತಲೇ ಗೊಂಯ್ ಅನ್ನುವ ಹಮ್. ಕೇಬಲ್ ಬದಲಿಸಿದೆ, ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಸರಿ ಮಾಡಿಸಿದೆ, ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿದೆ. ಮತ್ತೆ ಮೂರು ಸಾವಿರ ಕೈಬಿಟ್ಟಿತು, ಹಮ್ ಬಿಡಲಿಲ್ಲ. ಆ ಪೆಟ್ಟಿಗೆ ಈಗ ಅಟ್ಟದ ಮೇಲಿದೆ. ಅರ್ಥಿಂಗ್ ಖರ್ಚು ಮಾತ್ರ ದಂಡವಾಗಲಿಲ್ಲ, ಇಡೀ ರೂಮು ಅವತ್ತಿನಿಂದ ಶಾಂತವಾಗಿದೆ.

ಆಮೇಲೆ ಸಿಕ್ಕಿದ್ದು ಡಿಬಿಎಕ್ಸ್ 286ಎಸ್, ಸೆಕೆಂಡ್ ಹ್ಯಾಂಡ್, ಹದಿನಾಲ್ಕೋ ಹದಿನೈದೋ ಸಾವಿರಕ್ಕೆ. ಪ್ರೀಆಂಪ್ (ಮೈಕಿನ ಸಣ್ಣ ಸಿಗ್ನಲ್ ದೊಡ್ಡದು ಮಾಡುವುದು), ಕಂಪ್ರೆಸರ್, ಡಿ-ಎಸ್ಸರ್ ("ಸ", "ಶ"ಗಳ ಚುಚ್ಚು ತಗ್ಗಿಸುವುದು), ಮೆಲ್ಲಗಿನ ಸದ್ದನ್ನು ಇನ್ನೂ ತಗ್ಗಿಸುವ ಎಕ್ಸ್‌ಪ್ಯಾಂಡರ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ಕಂಪ್ರೆಸರ್‌ಗೆ ಇರುವುದು ಎರಡೇ ನಾಬ್, ಡ್ರೈವ್ ಮತ್ತು ಡೆನ್ಸಿಟಿ. ಡ್ರೈವ್ ಅಂದರೆ ಎಷ್ಟು ಒತ್ತಬೇಕು, ಡೆನ್ಸಿಟಿ ಅಂದರೆ ಎಷ್ಟು ಬೇಗ ಬಿಡಬೇಕು. ಎಷ್ಟು ಬೇಗ ಒತ್ತಲು ಶುರು ಮಾಡಬೇಕು ಅನ್ನುವ ಅಟ್ಯಾಕ್ ನಾಬ್ ಇಲ್ಲವೇ ಇಲ್ಲ. ನನಗೆ ಅದೇ ಅನುಕೂಲವಾಯಿತು, ತಿರುಗಿಸುತ್ತಾ ಕೂರುವ ಹೊತ್ತು ಉಳಿಯಿತು. ಔಟ್‌ಪುಟ್ ಸೀದಾ ಆಡಿಯೋ ಇಂಟರ್‌ಫೇಸ್ (ಸದ್ದನ್ನು ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆ) ಫೋಕಸ್‌ರೈಟ್‌ನ ಲೈನ್ ಇನ್‌ಪುಟ್‌ಗೆ, ಡೈರೆಕ್ಟ್ ಮಾನಿಟರ್ (ಕಂಪ್ಯೂಟರ್ ಸುತ್ತದೆ ನೇರ ಕೇಳಿಸುವ ಸ್ವಿಚ್) ಆನ್. ಕಂಪ್ರೆಸ್ ಆದ ದನಿ ತಡವಿಲ್ಲದೆ ಹೆಡ್‌ಫೋನಿಗೆ.

ಸೆಟ್ಟಿಂಗ್ ಸುಮಾರಾಗಿ ಹೀಗೆ. ಬಾಯಿಂದ ಮೈಕಿಗೆ ನಾಲ್ಕು ಬೆರಳು, ನಡುವೆ ಬಾಯಿಗಾಳಿ ತಡೆಯುವ ಪಾಪ್ ಫಿಲ್ಟರ್. 80 ಹರ್ಟ್ಸ್ ಲೋ ಕಟ್ (ತಳದ ಗುಂಯ್ ಕತ್ತರಿಸುವ ಸ್ವಿಚ್) ಯಾವಾಗಲೂ ಆನ್, ಇಲ್ಲದಿದ್ದರೆ "ಪ", "ಭ"ಗಳ ಗಾಳಿಯೇ ಕಂಪ್ರೆಸರನ್ನು ಒತ್ತಿ ಮುಂದಿನ ಅಕ್ಷರ ತಿನ್ನುತ್ತದೆ. ಡ್ರೈವ್ ಎಷ್ಟೆಂದರೆ ಸಾಧಾರಣ ಸಾಲಿಗೆ ಮೀಟರ್ 3-4 ಡಿಬಿ ಇಳಿಯಬೇಕು, ಚೀರಿದಾಗ ಆರು. ಅದಕ್ಕಿಂತ ಮೇಲೆ ಒಯ್ಯಬಾರದು. ಬಿಚ್ಚಲು ಬರುವುದಿಲ್ಲ ಅನ್ನುವವರು ಹೆದರುವುದು ಹನ್ನೆರಡು, ಹದಿನೈದಕ್ಕೆ. ಆರಕ್ಕೆ ಯಾರೂ ಸತ್ತಿಲ್ಲ. ಡೆನ್ಸಿಟಿ ನಡುವಿಗಿಂತ ಸ್ವಲ್ಪ ಮೇಲೆ, ಯಾಕೆಂದರೆ ನಮ್ಮ ಹುಡುಗರ ಎರಡು ಪದಗಳ ನಡುವೆ ಸಂದಿಯೇ ಇರುವುದಿಲ್ಲ. ಎಕ್ಸ್‌ಪ್ಯಾಂಡರ್ ಹೆಸರಿಗೆ ಮಾತ್ರ. ಫ್ಯಾನ್ ಸದ್ದು ಪೂರ್ತಿ ಕೊಲ್ಲಲು ಹೋದರೆ ಅದು "ಇಲ್ಲ"ವನ್ನೇ ಕೊಯ್ಯುತ್ತದೆ. ಏಪ್ರಿಲ್-ಮೇನಲ್ಲೂ ಟೇಕ್ ಮುಗಿಯುವವರೆಗೆ ಫ್ಯಾನ್ ಬಂದ್. ಬೇರೆ ದಾರಿ ಇಲ್ಲ. ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್‌ನಲ್ಲಿ ಪೀಕ್ ಮೈನಸ್ 10ರ ಸುತ್ತ ಇದ್ದರೆ ಸಾಕು.

ಬೆಟಗೇರಿ ಹುಡುಗನಿಗೆ ಇದೇ ಸೆಟ್ಟಿಂಗ್ ಕೊಟ್ಟು ಅದೇ ಸಾಲು ಹೇಳಿಸಿದೆ. ಎರಡನೇ ಟೇಕಿಗೇ ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿ, "ಅಣ್ಣಾ, ನನ್ನ ಉಸಿರು ಸೈತ ಕೇಳಾಕತ್ತೈತಿ" ಅಂದ. ಚೀರುವುದು ತಾನಾಗೇ ನಿಂತಿತು, "ಇಲ್ಲ" ಪೂರ್ತಿ ಬಂತು. ಮೀಟರ್ ಕಳೆದದ್ದು ನಾಲ್ಕೇ ಡಿಬಿ, ಆದರೆ ಅವನ ಬಾಯಿಂದಲೇ ಇನ್ನೊಂದು ಎಂಟು ಡಿಬಿ ವ್ಯತ್ಯಾಸ ಕಡಿಮೆಯಾಗಿತ್ತು. ಯಾವ ಪ್ಲಗಿನ್ನೂ ಆ ಎಂಟನ್ನು ತಂದುಕೊಡುವುದಿಲ್ಲ. ಪಂಚ್-ಇನ್ ಮಾಡಿದ (ತಪ್ಪಿದ ತುಂಡನ್ನಷ್ಟೇ ಮತ್ತೆ ಹೇಳಿಸಿ ಸೇರಿಸಿದ) ಕಡೆ ಲೆವೆಲ್ ಜಿಗಿಯುವ ತೊಂದರೆಯೂ ಹೆಚ್ಚುಕಮ್ಮಿ ಹೋಯಿತು. ಮೊದಲು ಕೇಳಿದ ಆ ಧಾರವಾಡದ ಹಿರಿಯರು ಎರಡೂ ಫೈಲ್ ಕೇಳಿ, "ಇದು ಮಾತಿಗೆ ಸರಿ ಅದ" ಅಂದರು. ತಮ್ಮ ಒಂದು ಪ್ರವಚನದ ರೆಕಾರ್ಡಿಂಗ್ ಕೆಲಸ ನನಗೇ ಕೊಟ್ಟರು.

ದನಿ ಕಂಪ್ಯೂಟರಿನ ಒಳಗೆ ಬಂದ ಮೇಲೆ ಮತ್ತೆರಡು ಹಂತ. ಮೊದಲು 1176 ಅನ್ನುವ ಹೆಸರಾಂತ ಕಂಪ್ರೆಸರ್ ಮಾದರಿಯ ಪ್ಲಗಿನ್, ರೇಶಿಯೋ 4, ಮತ್ತೆ ನಾಲ್ಕು ಡಿಬಿ. 1967ರಲ್ಲಿ ಬಿಲ್ ಪುಟ್ನಮ್ ತಂದ ಆ ಯಂತ್ರದ ಅಟ್ಯಾಕ್ ನಾಬ್ ಉಲ್ಟಾ, 7 ಅಂದರೆ ಅತಿ ವೇಗ. ಅತಿ ನಿಧಾನಕ್ಕಿಟ್ಟರೂ 800 ಮೈಕ್ರೊಸೆಕೆಂಡ್, ಅಂದರೆ ಮಿಲಿಸೆಕೆಂಡೂ ಇಲ್ಲ. ಅದಕ್ಕೇ 3ರ ಕೆಳಗಿಡುತ್ತೇನೆ, "ಟ", "ಡ"ಗಳ ಏಟು ಉಳಿಯುತ್ತದೆ. ಆಮೇಲೆ ಎಲ್‌ಎ-2ಎ (ಇನ್ನೊಂದು ಹಳೇ ಕಂಪ್ರೆಸರ್) ಮಾದರಿ, ಎರಡು ಡಿಬಿ, ಬರೀ ಸವರಲು. 1176ರ ರಿಲೀಸ್ (ಬಿಡುವ ವೇಗ) ಬೀಟಿಗೆ ತಕ್ಕಂತೆ: 90 ಬಿಪಿಎಂನಲ್ಲಿ (ನಿಮಿಷಕ್ಕೆ 90 ಬೀಟ್) ಕಾಲು ಮಾತ್ರೆ 167 ಮಿಲಿಸೆಕೆಂಡ್, 140ರಲ್ಲಿ 107. ಅದಕ್ಕಿಂತ ಕಡಿಮೆ ಇದ್ದರೆ ಮುಂದಿನ ಅಕ್ಷರ ಬರುವುದರೊಳಗೆ ಕಂಪ್ರೆಸರ್ ಕೈಬಿಟ್ಟಿರುತ್ತದೆ.

ನಡುವೆ ಇನ್ನೊಂದು ಕೆಲಸ ಮಾಡಿದೆ. ರಂಗಪಂಚಮಿಗೆ ಓಣಿಯಲ್ಲಿ ಬಾರಿಸಿದ ಹಲಗಿಯನ್ನು ಫೋನಿನಲ್ಲಿ ಹಿಡಿದು, ಅದೇ 1176ರಲ್ಲಿ ರೇಶಿಯೋದ ನಾಲ್ಕೂ ಬಟನ್ ಒಟ್ಟಿಗೆ ಒತ್ತಿದೆ. ಕೋಲಿನ ಏಟಿನ ಹಿಂದೆ ಇಡೀ ಓಣಿಯ ಗೋಡೆಗಳು ಎದ್ದು ಬಂದವು. ಸ್ನೇರ್ ಡ್ರಮ್ ಬದಲು ಅದನ್ನೇ ಎರಡು ಹಾಡಿಗೆ ಇಟ್ಟಿದ್ದೇನೆ. ಹಾವೇರಿಯಿಂದ ಒಬ್ಬರು ಆ ಸ್ಯಾಂಪಲ್‌ಗೆ ದುಡ್ಡು ಕೊಡುತ್ತೇನೆ ಅಂದರು, ನಾನು ಸ್ಯಾಂಪಲ್ ಕೊಟ್ಟಿಲ್ಲ. ಡೊಳ್ಳಿಗೆ ಮಾತ್ರ ಇದು ಒಗ್ಗಲಿಲ್ಲ, ಬುಡದ ಗುಡುಗು ಎಲ್ಲವನ್ನೂ ನುಂಗಿತು.

ಡಬಲ್ (ಅದೇ ಸಾಲನ್ನು ಮತ್ತೆ ಹೇಳಿದ ಪದರ) ಮತ್ತು ನಡುನಡುವೆ ಹಾಕುವ ಆಡ್-ಲಿಬ್‌ಗೆ ಒಳಗಡೆ ಹತ್ತು ಡಿಬಿ ತನಕ ಒತ್ತುತ್ತೇನೆ, ಅವು ಅಲುಗಾಡದೆ ಹಿಂದೆ ನಿಲ್ಲಬೇಕು. 286ಎಸ್ ಇಟ್ಟುಕೊಂಡೇ ಡ್ರೈ ದನಿಯನ್ನೂ ಜೊತೆಗೆ ಇನ್ನೊಂದು ಟ್ರ್ಯಾಕಿಗೆ ಇಳಿಸಿಕೊಳ್ಳುವ ಉಪಾಯ ಒಂದಿದೆ. ಪೆಟ್ಟಿಗೆಯ ಹಿಂಭಾಗ ಸರಿಯಾಗಿ ನೋಡಿದವರಿಗೆ ಹೊಳೆಯುತ್ತದೆ. ಡಿ-ಎಸ್ಸರನ್ನು ಎಲ್ಲಿ, ಎಷ್ಟಕ್ಕೆ ಇಡುತ್ತೇನೆ ಅನ್ನುವುದನ್ನೂ ಬರೆಯುವುದಿಲ್ಲ, ಅದು ನನ್ನ ಅನ್ನ.

ಹೊಸದಾಗಿ ಶುರು ಮಾಡುವವರು ದುಡ್ಡನ್ನು ಮೊದಲು ಅರ್ಥಿಂಗ್‌ಗೆ ಹಾಕಿ, ಆಮೇಲೆ ಮೈಕಿಗೆ, ಕಂಪ್ರೆಸರ್ ಕೊನೆಗೆ. ಕೌದಿ ಮನೆಯಲ್ಲೇ ಇರುತ್ತದೆ. ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ ಕೊಳ್ಳುವಾಗ ಮಾರುವವರ ಮನೆಯಲ್ಲೇ ಮೈಕ್ ಚುಚ್ಚಿ, ಡ್ರೈವ್ ಪೂರ್ತಿ ಏರಿಸಿ, ಯಾರೂ ಮಾತಾಡದೆ ಒಂದು ನಿಮಿಷ ಹೆಡ್‌ಫೋನಿನಲ್ಲಿ ಕೇಳಿ. ಪ್ರತಿ ನಾಬನ್ನೂ ನಿಧಾನಕ್ಕೆ ತಿರುಗಿಸಿ, ಕರಕರ ಅಂದರೆ ಒಳಗೆ ಧೂಳು, ಐನೂರು ಇಳಿಸಿ ಕೇಳಬಹುದು. ಗೊಂಯ್ ಅಂದರೆ ಎಷ್ಟಕ್ಕೆ ಕೊಟ್ಟರೂ ತರಬೇಡಿ.