ಪುಸ್ತಕ ಮೊದ್ಲಾ ಸಿನಿಮಾ ಮೊದ್ಲಾ? ಡಿಸ್ಟೋಪಿಯನ್ ಯಂಗ್ ಅಡಲ್ಟ್ ಕಾದಂಬರಿಗಳನ್ನ ಎರಡೂ ಕಡೆ ನೋಡೋದು ಹೇಗೆ

ಡಿಸ್ಟೋಪಿಯನ್ ಯಂಗ್ ಅಡಲ್ಟ್ ಅಂದ್ರೆ ಮುಂದೊಂದು ಕಾಲದ ಕ್ರೂರ ಸಮಾಜದಲ್ಲಿ ಸಿಕ್ಕಿಹಾಕ್ಕೊಂಡ ಹದಿಹರೆಯದವರ ಕಥೆಗಳು. ಹಂಗರ್ ಗೇಮ್ಸ್, ಡೈವರ್ಜೆಂಟ್, ಮೇಜ್ ರನ್ನರ್ ಥರದ ಇಂಥ ಸಿನಿಮಾಗಳನ್ನ ನಾನು ತುಂಬಾ ವರ್ಷ ತಪ್ಪು ರೀತೀಲಿ ನೋಡ್ತಿದ್ದೆ. ಪುಸ್ತಕ ಪಕ್ಕದಲ್ಲಿಟ್ಕೊಂಡು ಇದಿಲ್ಲ, ಅದನ್ನ ಬಿಟ್ಟಿದಾರೆ, ಇವಳ ಹೆಸರೇ ಬರ್ಲಿಲ್ಲ ಅಂತ ಲೆಕ್ಕ ಹಾಕೋದೇ ಕೆಲಸ. ಹಾಗೆ ನೋಡಿದ್ರೆ ಸಿಟ್ಟು ಬರುತ್ತೆ ಅಷ್ಟೇ, ಏನೂ ಸಿಗಲ್ಲ. ಈ ಕಾದಂಬರಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಥೆ ನಡೆಯೋದು ಒಬ್ಬ ಹುಡುಗ ಅಥವಾ ಹುಡುಗಿಯ ಮನಸ್ಸಿನೊಳಗೆ, ಕ್ಯಾಮೆರಾ ಅಲ್ಲಿಗೆ ಹೋಗೋಕಾಗಲ್ಲ. ಆ ಒಳಗಿನ ಮಾತು ಸಿನಿಮಾದಲ್ಲಿ ಎಲ್ಲಿಗೆ ಹೋಯ್ತು, ಯಾರ ಬಾಯಿಗೆ ಬಂತು ಅಂತ ಹುಡುಕ್ತಾ ನೋಡಿ, ಆಗ ಪುಸ್ತಕಾನೂ ಇನ್ನೊಂದ್ಸಲ ಓದ್ಬೇಕು ಅನ್ಸುತ್ತೆ. (ಕೆಲವು ಸೀನ್‌ಗಳ ವಿಷ್ಯ ಮುಂದೆ ಬರುತ್ತೆ, ದೊಡ್ಡ ಗುಟ್ಟುಗಳನ್ನ ಬಿಟ್ಕೊಡಲ್ಲ.)

ಹಂಗರ್ ಗೇಮ್ಸ್‌ನಿಂದ್ಲೇ ಶುರು ಮಾಡಿ. ಸುಝಾನ್ ಕಾಲಿನ್ಸ್ ಬರೆದ ಪುಸ್ತಕ 2008ರಲ್ಲಿ ಬಂತು, ಗ್ಯಾರಿ ರಾಸ್ ಸಿನಿಮಾ 2012ರಲ್ಲಿ, ಚಿತ್ರಕಥೇಲಿ ಕಾಲಿನ್ಸ್ ಕೈಯೂ ಇದೆ. ಹುಡುಗ ಹುಡುಗಿಯರನ್ನ ಸಾಯೋವರೆಗೆ ಹೊಡೆದಾಡೋಕೆ ಬಿಟ್ಟು ಟೀವಿಲಿ ತೋರಿಸೋ ಆಟದ ಕಥೆ ಇದು. ಪುಸ್ತಕ ಪೂರ್ತಿ ಆ ಆಟಕ್ಕೆ ಹೋದ ಕ್ಯಾಟ್ನಿಸ್ 'ನಾನು' ಅಂತ ಹೇಳೋದು, ಅದೂ ವರ್ತಮಾನ ಕಾಲದಲ್ಲಿ, ಹಾಗಾಗಿ ಮುಂದಿನ ನಿಮಿಷ ಏನಾಗುತ್ತೆ ಅಂತ ಅವಳಿಗೂ ಗೊತ್ತಿಲ್ಲ ನಮಗೂ ಗೊತ್ತಿಲ್ಲ. ಇದಕ್ಕೆ ಮಾಡ್ಬೇಕಾದ್ದು ಇಷ್ಟು: ಪುಸ್ತಕ ಮುಗಿಸಿ, ಆಮೇಲೆ ಗುಹೆ ಸೀನ್ ಇರೋ ಅಧ್ಯಾಯಗಳನ್ನ ಮಾತ್ರ ಇನ್ನೊಮ್ಮೆ ಓದಿ ಅದೇ ದಿನ ಸಿನಿಮಾ ಹಾಕಿ. ಪುಸ್ತಕದಲ್ಲಿ ಅವಳು ಜೊತೆಗೆ ಆಟಕ್ಕೆ ಬಂದಿರೋ ಪೀಟಾಗೆ ಮುತ್ತು ಕೊಟ್ಟ ಸ್ವಲ್ಪ ಹೊತ್ತಿಗೆ ಮೇಲಿಂದ ಸೂಪ್ ಇಳಿಯುತ್ತೆ, ಚೀಟಿ ಗೀಟಿ ಏನೂ ಇಲ್ಲ, ಹೊರಗಿಂದ ಅದನ್ನ ಕಳಿಸೋ ಅವರ ಮಾರ್ಗದರ್ಶಕ ಹೇಮಿಚ್ ಏನು ಹೇಳ್ತಿದಾನೆ ಅಂತ ಅವಳೇ ಲೆಕ್ಕ ಹಾಕ್ತಾಳೆ, ಪ್ರೀತಿ ತೋರಿಸಿದ್ರೆ ಊಟ ಬರುತ್ತೆ ಅಂತ. ಸಿನಿಮಾದಲ್ಲಿ ಅದೇ ಸೂಪ್ ಜೊತೆ ಹೇಮಿಚ್‌ದು ಒಂದು ಚೀಟಿ ಬರುತ್ತೆ, ಇದನ್ನೂ ಮುತ್ತು ಅಂತಾರಾ ಅನ್ನೋ ಥರ. ಅವಳ ತಲೆಯೊಳಗಿನ ಲೆಕ್ಕ ಒಂದು ಕಾಗದದ ಚೂರಿಗೆ ಬಂದು ಕೂತಿದೆ ನೋಡಿ. ಕೆಲಸ ಆಯ್ತು, ಆದ್ರೆ ನಿಜವಾಗ್ಲೂ ಪ್ರೀತಿನಾ ನಾಟಕಾನಾ ಅಂತ ಅವಳೇ ಗೊಂದಲದಲ್ಲಿರೋದು ಚೀಟಿಗೆ ಸಿಗಲ್ಲ, ಅದನ್ನೆಲ್ಲ ಜೆನಿಫರ್ ಲಾರೆನ್ಸ್ ಮುಖದಲ್ಲೇ ಹುಡುಕ್ಬೇಕು.

ಹಾಗೇ ಟ್ರ್ಯಾಕರ್ ಜ್ಯಾಕರ್ ಕಣಜಗಳು. ಪುಸ್ತಕದಲ್ಲಿ ಅವು ಏನು, ಯಾರು ಸೃಷ್ಟಿಸಿದ್ದು ಅಂತ ಕ್ಯಾಟ್ನಿಸ್‌ಗೇ ಗೊತ್ತು, ಅವಳೇ ನಮಗೆ ಹೇಳ್ತಾಳೆ. ಸಿನಿಮಾದಲ್ಲಿ ಅದನ್ನ ಟೀವಿ ನಿರೂಪಕ ಸೀಸರ್ ಪ್ರೇಕ್ಷಕರಿಗೆ ವಿವರಿಸ್ತಾನೆ. ನನಗೆ ಈ ಬದಲಾವಣೆ ತುಂಬಾ ಇಷ್ಟ, ಯಾಕಂದ್ರೆ ಒಂದು ಹುಡುಗಿ ಸಾವಿನ ಪಕ್ಕದಲ್ಲಿ ಮರದ ಮೇಲೆ ಕೂತಿರೋವಾಗ ಒಬ್ಬ ಮನುಷ್ಯ ನಗ್ತಾ ಕ್ರೀಡಾ ಕಾಮೆಂಟರಿ ಥರ ಮಾತಾಡ್ತಿದಾನೆ, ಅದನ್ನ ಕೇಳ್ತಾ ನಾವೂ ಆ ಆಟ ನೋಡೋ ಜನರ ಜೊತೆ ಕೂತಂಗಾಗುತ್ತೆ, ಪುಸ್ತಕ ಓದುವಾಗ ನಾವು ಅವಳ ಜೊತೆ ಮರದ ಮೇಲೇ ಇರ್ತೀವಿ. ಆಟ ನಡೆಸೋರ ಕಂಟ್ರೋಲ್ ರೂಮ್, ಅಧ್ಯಕ್ಷ ಸ್ನೋ ಜೊತೆ ಗುಲಾಬಿ ತೋಟದ ಮಾತು, ಇವೂ ಪುಸ್ತಕದಲ್ಲಿಲ್ಲ, ಕ್ಯಾಟ್ನಿಸ್ ಕಣ್ಣಿಗೆ ಬೀಳದ್ದು ಪುಸ್ತಕಕ್ಕೆ ಬರೋಕೆ ಸಾಧ್ಯಾನೇ ಇರ್ಲಿಲ್ಲ. ಇಂಥ ಸೀನ್ ಬಂದಾಗ ಸಿನಿಮಾ ನಿಲ್ಲಿಸಿ, ಇದನ್ನ ಪುಸ್ತಕದಲ್ಲಿ ಯಾರು ಹೇಳ್ಬೋದಿತ್ತು ಅಂತ ಒಂದು ನಿಮಿಷ ಯೋಚ್ನೆ ಮಾಡಿ.

ಎರಡನೇದು ಕ್ಯಾಚಿಂಗ್ ಫೈರ್, 2013, ನಿರ್ದೇಶಕ ಬದಲಾದ್ರು, ಫ್ರಾನ್ಸಿಸ್ ಲಾರೆನ್ಸ್ ಬಂದ್ರು. ಇದ್ರಲ್ಲಿ ಕೊನೇ ಶಾಟ್ ನೋಡಿ. ಪುಸ್ತಕ ಕ್ಯಾಟ್ನಿಸ್ ಗೆಳೆಯ ಗೇಲ್ ಹೇಳೋ ಒಂದು ಮಾತಿಗೆ ಮುಗಿಯುತ್ತೆ, ಸಿನಿಮಾ ಆ ಮಾತು ಕೇಳಿದ ಕ್ಯಾಟ್ನಿಸ್ ಮುಖದ ಮೇಲೇ ನಿಂತ್ಬಿಡುತ್ತೆ, ದುಃಖ ಹೋಗಿ ಸಿಟ್ಟು ಬರೋದು ಕಣ್ಣೆದುರೇ ಕಾಣುತ್ತೆ. ಸಿನಿಮಾ ಪುಸ್ತಕಕ್ಕಿಂತ ಮುಂದೆ ಹೋದ ಜಾಗ ಅದು ಅಂತ ನನ್ನ ಅಭಿಪ್ರಾಯ. ಮಾಕಿಂಗ್‌ಜೇ ಎರಡು ಭಾಗ (2014, 2015) ಒಂದರ ಹಿಂದೆ ಒಂದು ನೋಡಿ, ಮೊದ್ಲನೇದನ್ನ ಒಂದೇ ನೋಡಿದ್ರೆ ಅರ್ಧಕ್ಕೇ ನಿಂತಂಗಿರುತ್ತೆ. ಆದ್ರೂ ಅದ್ರಲ್ಲಿ ಕ್ಯಾಟ್ನಿಸ್ ಸ್ಟುಡಿಯೋದಲ್ಲಿ ಬಂಡಾಯದ ಪ್ರಚಾರದ ವಿಡಿಯೋ ಮಾಡೋಕೆ ಹೋಗಿ ಮರದ ಬೊಂಬೆ ಥರ ನಿಲ್ಲೋದು, ಆಮೇಲೆ ಡಿಸ್ಟ್ರಿಕ್ಟ್ 8ರ ಆಸ್ಪತ್ರೆ ಮೇಲೆ ಬಾಂಬ್ ಬಿದ್ದಾಗ ನಿಜವಾದ ಮಾತು ಬರೋದು, ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಬ್ಯಾಲಡ್ ಆಫ್ ಸಾಂಗ್‌ಬರ್ಡ್ಸ್ ಅಂಡ್ ಸ್ನೇಕ್ಸ್ (ಪುಸ್ತಕ 2020, ಸಿನಿಮಾ 2023) ಕಥೆ ಮೊದ್ಲನೇ ಪುಸ್ತಕಕ್ಕಿಂತ 64 ವರ್ಷ ಹಿಂದೆ ನಡೆಯೋದು, ಹಾಗಂತ ಅದನ್ನ ಮೊದ್ಲು ನೋಡ್ಬೇಡಿ, ಬಿಡುಗಡೆ ಆದ ಕ್ರಮದಲ್ಲೇ ಹೋಗಿ. ಸ್ನೋ ಮುಂದೆ ಏನಾಗ್ತಾನೆ ಅಂತ ಗೊತ್ತಿದ್ರೇನೇ ಅವನ ಚಿಕ್ಕ ವಯಸ್ಸಿನ ಕಥೆಗೆ ತೂಕ. ಮತ್ತೆ ಇದಕ್ಕೆ ಪುಸ್ತಕ ಮೊದ್ಲು ಕಡ್ಡಾಯ. ಪುಸ್ತಕದಲ್ಲಿ ಅವನ ಒಂದೊಂದು ಒಳ್ಳೇ ಕೆಲಸದ ಹಿಂದಿರೋ ಲೆಕ್ಕಾಚಾರ, ಅವನು ಇಷ್ಟಪಡೋ ಹುಡುಗಿ ಲೂಸಿ ಗ್ರೇ ತನ್ನವಳು ಅನ್ನೋ ಹಠ ಎಲ್ಲಾ ಓದ್ತೀವಿ, ಸಿನಿಮಾದಲ್ಲಿ ಆ ಯೋಚನೆಗಳಿಲ್ಲದೆ ಚಂದದ ಮುಖ ಒಂದೇ ಕಾಣೋದ್ರಿಂದ ಪಾಪ ಒಳ್ಳೇ ಹುಡುಗ ಕೆಟ್ಟೋದ ಅಂತ ಅನ್ಸೋ ಅಪಾಯ ಇದೆ.

ಪುಸ್ತಕ ಮೊದ್ಲು ಓದ್ಲೇಬೇಕಾದ ಇನ್ನೊಂದು ದಿ ಗಿವರ್. ಲೋಯಿಸ್ ಲೌರಿ 1993ರಲ್ಲಿ ಬರೆದಿದ್ದು, ಸಿನಿಮಾ 2014ರದ್ದು. ಇದನ್ನ ಹೆಚ್ಚು ಹೇಳಿದ್ರೆ ಪುಸ್ತಕದ ರುಚಿ ಹಾಳು, ಆದ್ರೂ ಇಷ್ಟು ಹೇಳ್ತೀನಿ, ಕಥಾನಾಯಕ ಜೋನಾಸ್‌ನ ಪ್ರಪಂಚದಲ್ಲಿ ಒಂದು ದೊಡ್ಡ ವಿಷ್ಯ ಇಲ್ಲ, ಅದಿಲ್ಲ ಅಂತ ಅವನಿಗೇ ಗೊತ್ತಿಲ್ಲದ್ರಿಂದ ನಮಗೂ ಎಷ್ಟೋ ಪುಟ ಗೊತ್ತಾಗಲ್ಲ. ಸಿನಿಮಾದಲ್ಲಿ ಮೊದ್ಲನೇ ನಿಮಿಷಕ್ಕೇ ಕಣ್ಣಿಗೆ ಬೀಳುತ್ತೆ, ಅದನ್ನ ಮುಚ್ಚಿಡೋಕೆ ದಾರೀನೇ ಇಲ್ಲ. ಇನ್ನೊಂದು, ಪುಸ್ತಕದ ಜೋನಾಸ್‌ಗೆ ಹನ್ನೆರಡು ವರ್ಷ, ಸಿನಿಮಾದಲ್ಲಿ ದೊಡ್ಡ ಹುಡುಗನ್ನ ಹಾಕಿದಾರೆ, ಅದ್ರಿಂದ ಪ್ರೀತಿ ಕಥೆ ಜಾಸ್ತಿ ಆಗಿ ಆ ಮಗುವಿನ ಒಂಟಿತನ ಕಮ್ಮಿ ಆಗಿದೆ. ಇದು ನನಗೆ ಇವತ್ತಿಗೂ ನೋವು.

ಮೇಜ್ ರನ್ನರ್‌ಗೆ ಉಲ್ಟಾ ಮಾಡಿ, ಸಿನಿಮಾ ಮೊದ್ಲು. ದೊಡ್ಡ ಚಕ್ರವ್ಯೂಹದಲ್ಲಿ ಸಿಕ್ಕಿಬಿದ್ದ ಥಾಮಸ್‌ಗೆ ಹಿಂದಿನ ನೆನಪೇ ಇಲ್ಲ, ಓಡೋದು ಹೆಚ್ಚು ಯೋಚಿಸೋದು ಕಮ್ಮಿ, ಗೋಡೆಗಳು ಮುಚ್ಚಿಕೊಳ್ಳೋ ಶಬ್ದ ದೊಡ್ಡ ಸ್ಕ್ರೀನಲ್ಲಿ ಕೇಳ್ಬೇಕು. ವೆಸ್ ಬಾಲ್ ಮೂರೂ ಸಿನಿಮಾ (2014, 2015, 2018) ಮಾಡಿದಾರೆ. ಪುಸ್ತಕದಲ್ಲಿ ಥಾಮಸ್ ಮತ್ತು ಅಲ್ಲೇ ಸಿಕ್ಕಿಬಿದ್ದ ಹುಡುಗಿ ತೆರೆಸಾ ಮನಸ್ಸಲ್ಲೇ ಮಾತಾಡ್ಕೋತಾರೆ, ಸಿನಿಮಾದಲ್ಲಿ ಅದನ್ನ ಬಿಟ್ಟಿದಾರೆ. ಎರಡನೇ ಭಾಗ ಪುಸ್ತಕದಿಂದ ತುಂಬಾ ದೂರ ಹೋಗಿದೆ, ಅದನ್ನ ಬೇರೆ ಕಥೆ ಅಂದ್ಕೊಂಡೇ ನೋಡಿ.

ಡೈವರ್ಜೆಂಟ್ ಶುರು ಮಾಡೋವ್ರಿಗೆ ಮೊದ್ಲೇ ಹೇಳ್ಬಿಡ್ತೀನಿ, ಸಿನಿಮಾ ಸರಣಿ ಅರ್ಧಕ್ಕೆ ನಿಂತಿದೆ. ವೆರೋನಿಕಾ ರಾತ್‌ರ ಮೂರು ಪುಸ್ತಕಗಳನ್ನ ನಾಲ್ಕು ಸಿನಿಮಾ ಮಾಡೋ ಪ್ಲಾನ್ ಇತ್ತು, 2016ರ ಅಲೀಜಿಯಂಟ್ ಆದ್ಮೇಲೆ ಕೊನೇದು ಬರ್ಲೇ ಇಲ್ಲ. ಹಾಗಾಗಿ ಮೊದ್ಲನೇ ಸಿನಿಮಾ ನೋಡಿ, ಇಷ್ಟ ಆದ್ರೆ ಅಲ್ಲಿಂದ ಪುಸ್ತಕಕ್ಕೆ ಬನ್ನಿ. ಮೂರನೇ ಪುಸ್ತಕದಲ್ಲಿ ನಾಯಕಿ ಟ್ರಿಸ್ ಒಬ್ಳೇ ಕಥೆ ಹೇಳಲ್ಲ, ಅವಳ ಪ್ರೇಮಿ ಟೋಬಿಯಾಸ್ ಕೂಡ ಹೇಳ್ತಾನೆ, ಎರಡು ದನಿ ಯಾಕೆ ಬೇಕಾಯ್ತು ಅಂತ ಕೊನೇ ಅಧ್ಯಾಯಗಳಲ್ಲಿ ಗೊತ್ತಾಗುತ್ತೆ.

ಇಷ್ಟೆಲ್ಲಾ ಆದ್ಮೇಲೆ ಕೇಯಾಸ್ ವಾಕಿಂಗ್ ಇಟ್ಕೊಳ್ಳಿ. ಪ್ಯಾಟ್ರಿಕ್ ನೆಸ್ ಬರೆದ ಮೊದ್ಲನೇ ಪುಸ್ತಕ 2008ರದ್ದು, ಸಿನಿಮಾ 2021ರಲ್ಲಿ ಬಂತು. ಇದ್ರಲ್ಲಿ ಗಂಡಸರ ಮನಸ್ಸಿನ ಮಾತೆಲ್ಲಾ ಎಲ್ರಿಗೂ ಕೇಳ್ಸುತ್ತೆ, ಅಂದ್ರೆ ನಾವು ಇಷ್ಟೊತ್ತು ಹುಡುಕಿದ ಒಳದನಿಯೇ ಇಲ್ಲಿ ಕಥೆ. ಪುಸ್ತಕದಲ್ಲಿ ಅದು ಬೇರೆ ಬೇರೆ ಅಕ್ಷರಗಳಲ್ಲಿ ಪುಟದ ಮೇಲೆಲ್ಲಾ ಚೆಲ್ಲಾಡಿರುತ್ತೆ, ಸಿನಿಮಾದಲ್ಲಿ ತಲೆ ಸುತ್ತ ಬಣ್ಣದ ಹೊಗೆ ಥರ ಬರುತ್ತೆ ಜೊತೆಗೆ ಧ್ವನಿ. ಸಿನಿಮಾ ಅಷ್ಟು ಚೆನ್ನಾಗಿಲ್ಲ, ಆದ್ರೂ ಮೊದ್ಲ ಇಪ್ಪತ್ತು ನಿಮಿಷ ಹೆಡ್‌ಫೋನ್ ಹಾಕ್ಕೊಂಡು ನೋಡಿ, ಆಮೇಲೆ ಸ್ಕ್ರೀನ್ ಆಫ್ ಮಾಡಿ ಪುಸ್ತಕದ ಮೊದ್ಲನೇ ಅಧ್ಯಾಯ ಜೋರಾಗಿ ಓದಿ, ನಾಯಿ ಮಾಂಚಿ ಮಾತಾಡೋ ಜಾಗದಿಂದ.